ಹಿಟ್ಟಿನ ಕೋಳಿ ಕೂಗಿದಾಗ

ಪಾತ್ರ ವಹಿಸಿ ಆಡುವ ಕಲ್ಪನಾಲೋಕದ ಆಟಗಳು ಈಗ ನಮ್ಮ ಸಣ್ಣ ಊರುಗಳ ತರುಣರಿಗೂ ಅಪರಿಚಿತವಲ್ಲ. ಅಮೆರಿಕದಲ್ಲಿ 1974ರಲ್ಲಿ ಗೇರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಬಗೆಯ ಆಟಗಳಿಗೆಲ್ಲ ಮೂಲ. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತಿರುತ್ತಾರೆ. ಒಬ್ಬನು ಕಥೆ ನಡೆಸುತ್ತಾನೆ. ಉಳಿದವರು ಯೋಧನೋ ಮಾಂತ್ರಿಕನೋ ಆಗಿ ಮಾತನಾಡುತ್ತಾರೆ. ಅವರ ಸಾಹಸದ ಫಲವನ್ನು ದಾಳ ನಿರ್ಣಯಿಸುತ್ತದೆ. ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತಲ್ಲಿಯೇ ಪಾತ್ರವಾಗುವ ಈ ಕ್ರಮ ತಾಳಮದ್ದಳೆಯನ್ನು ಕೇಳಿ ಬೆಳೆದ ಮಲೆನಾಡಿನವರಿಗೆ ಹೊಸದೇನೂ ಅಲ್ಲ.

ಆಯನೂರಿನಿಂದ ಬಸ್ಸಿನಲ್ಲಿ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬ ಇಂಥದೊಂದು ಆಟಕ್ಕೆ ಕಥೆ ಹೆಣೆದಿದ್ದ. ಘೋರ ದೇವತೆಯೊಂದನ್ನು ಗುಟ್ಟಾಗಿ ಆರಾಧಿಸುವ ದುಷ್ಟ ಪಂಥ ಅದರಲ್ಲಿ ಖಳನ ಸ್ಥಾನದಲ್ಲಿತ್ತು. “ಸಾರ್, ಕರಿಯ ನಿಲುವಂಗಿ, ತಲೆಬುರುಡೆ, ರಕ್ತದ ಬಟ್ಟಲು, ಎಲ್ಲವನ್ನೂ ಹಾಕಿದೆ. ಆದರೂ ಆಡಿದವರು ಮರುದಿನವೇ ಮರೆತುಬಿಟ್ಟರು” ಎಂಬುದು ಅವನ ದೂರು. ಜನ್ನನನ್ನು ಓದು ಎಂದು ಹೇಳಿದೆ.

ಹೊಯ್ಸಳ ವೀರಬಲ್ಲಾಳನ ಆಸ್ಥಾನದ ಜನ್ನ ಕವಿ 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯ ಆರಂಭದಲ್ಲಿಯೇ ಚಂಡಮಾರಿಯ ಗುಡಿ ಎದುರಾಗುತ್ತದೆ. ಅರಸು ಮಾರಿದತ್ತ ಜಾತ್ರೆಗೆ ಬಂದಿದ್ದಾನೆ. ಬಲಿಗೆ ಪ್ರಾಣಿಗಳನ್ನು ಕೂಡಿಹಾಕಿದೆ. ನರಬಲಿಗೆಂದು ತಳವಾರನು ಅಭಯರುಚಿ, ಅಭಯಮತಿ ಎಂಬ ಎಳೆಯ ಅಣ್ಣತಂಗಿಯರನ್ನು ಹಿಡಿದು ತಂದಿದ್ದಾನೆ. ಭಯಂಕರ ದೃಶ್ಯವೇನೋ ಹೌದು. ಆದರೆ ಕಾವ್ಯವನ್ನು ಓದಿ ಮುಗಿಸಿದವನ ಮನಸ್ಸಿನಲ್ಲಿ ಉಳಿಯುವುದು ಈ ಗುಡಿಯಲ್ಲ; ಕತ್ತಿಯ ಮುಂದೆ ನಿಂತ ಆ ಹುಡುಗ ನಿರ್ಭಯನಾಗಿ ಹೇಳುವ ಪೂರ್ವಜನ್ಮದ ಕಥೆಯಲ್ಲಿ ಬರುವ ಒಂದು ಹಿಟ್ಟಿನ ಕೋಳಿ.

ಹಿಂದೊಂದು ಜನ್ಮದಲ್ಲಿ ಅವನು ಯಶೋಧರನೆಂಬ ಅರಸು. ರಾಣಿ ಅಮೃತಮತಿ ಕುರೂಪಿಯಾದ ಮಾವುತನಿಗೆ ಮನಸೋತದ್ದನ್ನು ಕಣ್ಣಾರೆ ಕಂಡು, ಅದನ್ನು ತಾಯಿಗೆ ಹೇಳಲಾರದೆ, ಕೆಟ್ಟ ಕನಸು ಬಿತ್ತೆಂದು ಹೇಳುತ್ತಾನೆ. ತಾಯಿಗೆ ದಿಗಿಲು. ದೇವಿಗೆ ಬಲಿ ಕೊಟ್ಟು ಶಾಂತಿ ಮಾಡು ಎನ್ನುತ್ತಾಳೆ. ಜೀವಹಿಂಸೆ ಒಲ್ಲೆನೆಂದು ಮಗನ ಹಟ; ಮಗನಿಗೆ ಕೇಡಾಗಬಾರದೆಂದು ತಾಯಿಯ ಹಟ. ಕೊನೆಗೆ ಇಬ್ಬರೂ ಒಪ್ಪಿಕೊಳ್ಳುವುದು ಹಿಟ್ಟಿನಿಂದ ಮಾಡಿದ ಕೋಳಿಯನ್ನು. ಯಶೋಧರನು ಕತ್ತಿಯೆತ್ತಿ ಹೊಡೆಯುತ್ತಾನೆ. ಹಿಟ್ಟಿನ ಕೋಳಿ ಕೂಗುತ್ತದೆ! ಆ ಒಂದು ಕೂಗಿಗೆ ತಾಯಿಮಕ್ಕಳಿಬ್ಬರೂ ನವಿಲಾಗಿ, ನಾಯಿಯಾಗಿ, ಮೀನಾಗಿ, ಆಡಾಗಿ, ನಿಜವಾದ ಕೋಳಿಗಳಾಗಿಯೂ ಹುಟ್ಟಿ ಹುಟ್ಟಿ ಕೊಲೆಯಾಗುತ್ತಾರೆ.

ಇಲ್ಲಿ ತಲೆಬುರುಡೆಯೂ ಇಲ್ಲ, ಕರಿಯ ನಿಲುವಂಗಿಯೂ ಇಲ್ಲ. ದೇವಿಯ ಪರವಾಗಿ ಮಾತನಾಡುವವಳು ಮಗನ ಮೇಲಿನ ಮಮತೆಯಿಂದ ನಡುಗುವ ಒಬ್ಬ ತಾಯಿ. ಅವಳು ಕೇಳುವುದಾದರೂ ಎಷ್ಟು? ಒಂದು ಹಿಡಿ ಹಿಟ್ಟು. ಒಳ್ಳೆಯವನೊಬ್ಬ ಇಷ್ಟಕ್ಕೇನಂತೆ ಎಂದು ತಲೆಯಾಡಿಸಿದ ಆ ಕ್ಷಣ ನಮಗೆ ಅಂಟಿಕೊಳ್ಳುತ್ತದೆ. ಏಕೆಂದರೆ ಅವನ ಜಾಗದಲ್ಲಿ ನಾವಿದ್ದರೂ ತಲೆಯಾಡಿಸುತ್ತಿದ್ದೆವು. ಗಿರೀಶ ಕಾರ್ನಾಡರು ಏಳು ಶತಮಾನಗಳ ಬಳಿಕ ಇದೇ ವಸ್ತುವನ್ನು ಎತ್ತಿಕೊಂಡಾಗ ನಾಟಕಕ್ಕೆ ‘ಹಿಟ್ಟಿನ ಹುಂಜ’ ಎಂದೇ ಹೆಸರಿಟ್ಟರು.

ತಾಳಮದ್ದಳೆಯ ಅರ್ಥಧಾರಿಗಳು ಈ ಗುಟ್ಟನ್ನು ಬಲ್ಲರು. ಕೌರವನ ಅರ್ಥ ಹೇಳುವವನು ಗಹಗಹಿಸಿ ನಕ್ಕರೆ ಸಾಲದು. ರಾಜ್ಯ ತನ್ನದೇ ಎಂದು ಸಭೆಗೆ ಒಂದು ಗಳಿಗೆಯಾದರೂ ಅನ್ನಿಸಬೇಕು. ದುಷ್ಟ ಪಂಥಕ್ಕೂ ಅದರದೇ ಆದ ‘ಅರ್ಥ’ ಬೇಕು. ಮುಂದೆ ನಮ್ಮ ಸುರಪುರದಲ್ಲಿ ಆಡಳಿತ ನಡೆಸಿದ ಮೆಡೋಸ್ ಟೇಲರ್ 1839ರಲ್ಲಿ ಪ್ರಕಟಿಸಿದ ಥಗ್ಗರ ಕಾದಂಬರಿಯಲ್ಲಿ ಕೊಲೆಗಾರ ಅಮೀರ್ ಅಲಿಯೇ ತನ್ನ ಕಥೆಯನ್ನು ಹೇಳುತ್ತಾನೆ. ದಾರಿಹೋಕರೊಡನೆ ನಗುನಗುತ್ತ ನಡೆದು, ಸಮಯ ನೋಡಿ ಕೊರಳಿಗೆ ವಸ್ತ್ರ ಬಿಗಿಯುವವನು ತನ್ನ ಕಸುಬಿನ ಹೆಮ್ಮೆಯನ್ನು ತಾನೇ ಬಣ್ಣಿಸುವುದರಿಂದಲೇ ಓದುಗ ಬೆಚ್ಚುತ್ತಾನೆ.

ಹಾಗಾದರೆ ತಲೆಬುರುಡೆ ಏಕೆ ಇಷ್ಟು ಸುಲಭವಾಗಿ ಕೈಗೆ ಸಿಗುತ್ತದೆ? ಅದು ಎರವಲು ವೇಷ. ಒಬ್ಬರ ಮೇಲೆ ಇನ್ನೊಬ್ಬರು ಹೊದಿಸಿದ್ದು. ಜನ್ನನೂ ಮಾರಿಯ ಗುಡಿಯನ್ನು ನೋಡಿದ್ದು ಜೈನನ ಕಣ್ಣಿನಿಂದ. ಮೂರು ವರ್ಷಕ್ಕೊಮ್ಮೆ ಸಾಗರದ ಮಾರಿಕಾಂಬಾ ಜಾತ್ರೆಗೆ ಮಡಿಲಕ್ಕಿ ಹಿಡಿದು ಹೋಗುವ ಗೃಹಿಣಿ ಕಾಣುವ ದೇವಿಯೇ ಬೇರೆ. ಇದಕ್ಕಿಂತ ದೊಡ್ಡ ಅನ್ಯಾಯ ನಮ್ಮ ಜಿಲ್ಲೆಯಲ್ಲಿಯೇ ಬಾಳಿದ ಒಂದು ಪಂಥಕ್ಕೆ ಆಗಿದೆ. ಕಾಲಾಮುಖ ಶೈವರು ಕಪಾಲದಲ್ಲಿ ಉಣ್ಣುವವರು, ಹೆಣದ ಬೂದಿಯನ್ನು ಬಳಿದುಕೊಂಡು ಅದನ್ನೇ ತಿನ್ನುವವರು, ಮದ್ಯದ ಕುಂಭವಿಟ್ಟು ಪೂಜಿಸುವವರು ಎಂದು ರಾಮಾನುಜರ ಶ್ರೀಭಾಷ್ಯದಲ್ಲಿ ಬಂದಿದೆ. ಎದುರುಪಕ್ಷದವರ ಈ ಮಾತನ್ನೇ ಮುಂದಿನವರು ಬಹುಕಾಲ ನಂಬಿದರು. ಕಾಪಾಲಿಕರ ಚಹರೆಯನ್ನು ಕಾಲಾಮುಖರಿಗೆ ಅಂಟಿಸಿರಬೇಕೆಂದು 1972ರಲ್ಲಿ ಡೇವಿಡ್ ಲೊರೆಂಜನ್ ಎಂಬ ವಿದ್ವಾಂಸರು ಈ ಎರಡು ಪಂಥಗಳ ಬಗೆಗೆ ಗ್ರಂಥವನ್ನೇ ಬರೆದು ವಾದಿಸಿದರು.

ಅವರ ವಾದಕ್ಕೆ ಬಲ ಕೊಟ್ಟವು ಶಾಸನಗಳು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೇದಾರೇಶ್ವರನ ಗುಡಿಗೆ ಸೇರಿದ ಕೋಡಿಯ ಮಠ ಕಾಲಾಮುಖರದು. ಬಿಜ್ಜಳನ ಕಾಲದ, 1162ರ ಶಾಸನವೊಂದು ಆ ಮಠದಲ್ಲಿ ಏನೇನು ನಡೆಯುತ್ತಿತ್ತೆಂದು ಹೇಳುತ್ತದೆ. ನಾಲ್ಕು ವೇದಗಳ ಪಾಠ, ಪಾಣಿನಿಯ ವ್ಯಾಕರಣದ ಜೊತೆಗೆ ಜೈನನಾದ ಶಾಕಟಾಯನನ ವ್ಯಾಕರಣ, ನ್ಯಾಯ, ಸಾಂಖ್ಯಗಳ ಸಾಲಿನಲ್ಲಿಯೇ ಬೌದ್ಧ ದರ್ಶನ, ಕಾವ್ಯ, ನಾಟಕ. ಅಲ್ಲಿ ರೋಗಿಗಳಿಗೆ ಔಷಧವಿತ್ತು. ಕುಂಟರು, ಕುರುಡರು, ಕಿವುಡರು, ದಿಕ್ಕಿಲ್ಲದವರು, ಹಾಡುವವರು, ಕುಣಿಯುವವರು, ಬೇರೆ ಬೇರೆ ಮತಗಳ ಸಂನ್ಯಾಸಿಗಳು, ಯಾರು ಬಂದರೂ ಅನ್ನವಿತ್ತು.