ಕಡಮತ್ ದ್ವೀಪದ ತಿಳಿನೀರಿನ ಮೇಲೆ ಅರ್ಧ ದಿನ

ಅರವತ್ತಾರನೆಯ ವಯಸ್ಸಿನಲ್ಲಿ ನಾವು ಸಮುದ್ರದ ನೀರಿನ ಮೇಲೆ ಒಂದು ಹಲಗೆಯನ್ನು ತೇಲಿಬಿಟ್ಟು, ಅದರ ಮೇಲೆ ಎದ್ದು ನಿಂತು, ಕೈಯಲ್ಲಿ ಹುಟ್ಟು ಹಿಡಿದು ಅರ್ಧ ದಿನವನ್ನು ಕಳೆದೆವೆಂದರೆ ವಾಚಕ ಬಂಧುಗಳು ಸುಲಭವಾಗಿ ನಂಬಲಾರರು. ನಮ್ಮನ್ನು ಬಲ್ಲವರಂತೂ ನಕ್ಕೇ ನಕ್ಕಾರು. ಮಠದ ಪಾಠಶಾಲೆಯಲ್ಲಿ ವ್ಯಾಕರಣ ತರ್ಕಗಳನ್ನು ಕಲಿತು, ಓಲೆಗರಿಗಳ ನಡುವೆ ಆಯುಷ್ಯದ ಬಹುಭಾಗವನ್ನು ಸವೆಸಿದವರಿಗೆ ಈ ಉಸಾಬರಿ ಏಕೆ ಬೇಕಾಗಿತ್ತೆಂಬ ಪ್ರಶ್ನೆ ಸಹಜವಾದುದೇ. ಅದಕ್ಕೆ ಉತ್ತರ ಹೇಳಬೇಕಾದರೆ ಮೊದಲು ಒಂದು ಹಳೆಯ ಸಂಗತಿಯನ್ನು ನಿವೇದಿಸಬೇಕು.

ನಮಗೆ ಆಗ ಹನ್ನೊಂದು ವರ್ಷ. ಶ್ರಾವಣದ ಒಂದು ಮಧ್ಯಾಹ್ನ ಪಾಠಶಾಲೆಯ ಹುಡುಗರೆಲ್ಲ ಬಟ್ಟೆ ಒಗೆಯಲೆಂದು ಹೊಳೆಗೆ ಹೋಗಿದ್ದೆವು. ನಮಗಿಂತ ಒಂದು ವರ್ಷ ಹಿರಿಯನಾದ ಸಹಪಾಠಿಯೊಬ್ಬನು ಸುಳಿಗೆ ಸಿಕ್ಕಿ ಹೋದನು. ಅವನು ಹಿಂಡಿ ಹರವಿದ್ದ ಪಂಚೆ ಬಂಡೆಯ ಮೇಲೆ ಒಣಗುತ್ತಲೇ ಇತ್ತು. ಅಂದಿನಿಂದ ನಾವು ಮೊಳಕಾಲಿಗಿಂತ ಮೇಲೆ ನೀರಿಗಿಳಿದವರಲ್ಲ. ಅಷ್ಟರಲ್ಲಿಯೇ ನಿಂತಿದ್ದರೆ ಅದು ನಮ್ಮೊಬ್ಬರ ಮಾತಾಗುತ್ತಿತ್ತು. ಮಗಳು ಶಾಲೆಯಲ್ಲಿದ್ದಾಗ ಅಲ್ಲಿ ಈಜು ಕಲಿಸುವ ವ್ಯವಸ್ಥೆಯಾಯಿತು. ಪಾಲಕರ ಒಪ್ಪಿಗೆಯ ಚೀಟಿಯನ್ನು ತಂದು ಅವಳು ಮೂರು ದಿನ ನಮ್ಮ ಮುಂದಿಟ್ಟಳು. ನಾವು ರುಜು ಹಾಕಲಿಲ್ಲ. ಕಾರಣವನ್ನೂ ಹೇಳಲಿಲ್ಲ. ಹಿರಿಯರು ಕಾರಣ ಹೇಳುವ ಪದ್ಧತಿ ಆಗ ಮನೆಗಳಲ್ಲಿ ಇರಲಿಲ್ಲವಷ್ಟೆ.

ಅದೇ ಮಗಳು, ಅಳಿಯಂದಿರು ಹಾಗೂ ಹನ್ನೆರಡರ ಮೊಮ್ಮಗಳೊಂದಿಗೆ 2025ರ ಫೆಬ್ರವರಿಯಲ್ಲಿ ಲಕ್ಷದ್ವೀಪಕ್ಕೆ ಹೋಗುವ ಪ್ರಸಂಗ ಒದಗಿತು. ಈ ದ್ವೀಪಗಳಿಗೆ ಹೊರಗಿನವರು ಹೋಗಬೇಕಾದರೆ ಮುಂಚಿತವಾಗಿ ಅನುಮತಿಪತ್ರ ಪಡೆಯಬೇಕು. ಆ ಓಡಾಟವನ್ನೂ ಕೊಚ್ಚಿಯಿಂದ ಹೊರಟ ಹಡಗಿನ ರಾತ್ರಿಯನ್ನೂ ಇಲ್ಲಿ ವಿವರಿಸಹೋಗುವುದಿಲ್ಲ. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿಗಳ ಗಂಟು ಜೊತೆಗಿದ್ದುದರಿಂದ ಊಟದ ಚಿಂತೆ ಇರಲಿಲ್ಲವೆಂದು ಹೇಳಿದರೆ ಸಾಕು.

ಕಡಮತ್ ಎಂಬುದು ತೆಂಗಿನ ಮರಗಳನ್ನು ಹೊತ್ತ ಒಂದು ಮರಳಿನ ಗೆರೆ. ಉದ್ದ ಸುಮಾರು 9 ಕಿಲೋಮೀಟರು. ಅಗಲವಾದ ಸ್ಥಳದಲ್ಲಿಯೂ ಅರ್ಧ ಕಿಲೋಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಕನ್ನಡಿಗರಿಗೆ ಇದು ತೀರ ಪರಸ್ಥಳವಲ್ಲವೆಂಬುದು ಹಲವರಿಗೆ ತಿಳಿದಿರಲಾರದು. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರಾ ಎಂಬ ಐದು ದ್ವೀಪಗಳು 1787ರಲ್ಲಿ ಕಣ್ಣೂರಿನ ಅರಕ್ಕಲ್ ಮನೆತನದ ಕೈಬಿಟ್ಟು ಟಿಪ್ಪೂ ಸುಲ್ತಾನನ ಆಡಳಿತಕ್ಕೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ ಸರಕಾರದ ವಶವಾಗಿ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದವು. 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶವಾಗುವವರೆಗೂ ಇವುಗಳ ವ್ಯವಹಾರವೆಲ್ಲ ಮಂಗಳೂರಿನೊಡನೆಯೇ. ದ್ವೀಪದವರು ಹಾಯಿದೋಣಿಗಳಲ್ಲಿ ತೆಂಗಿನ ನಾರನ್ನು ತಂದು ಕೊಟ್ಟು ಅಕ್ಕಿಯನ್ನು ಕೊಂಡೊಯ್ಯುತ್ತಿದ್ದರು. ಇಂದಿಗೂ ಮಂಗಳೂರಿನ ಹಳೆಯ ಬಂದರಿನಿಂದ ಸರಕಿನ ಹಡಗುಗಳು ಲಕ್ಷದ್ವೀಪಕ್ಕೆ ಹೋಗುತ್ತವೆ. ಜನರು ಮುಸಲ್ಮಾನರು; ಆಡುವುದು ಮಲಯಾಳಕ್ಕೆ ಸಮೀಪವಾದ ಜೆಸರಿ ಎಂಬ ನುಡಿ.

ದ್ವೀಪದ ಪಶ್ಚಿಮಕ್ಕೆ ದೂರದಲ್ಲಿ ಒಂದು ಬಿಳಿಯ ಗೆರೆ ಕಾಣುತ್ತದೆ. ಅದು ಹವಳದ ದಿಬ್ಬದ ಮೇಲೆ ಅಲೆ ಒಡೆಯುವ ನೊರೆ. ದಿಬ್ಬದಾಚೆಗೆ ಗಂಭೀರವಾದ ಕಡಲು. ದಿಬ್ಬಕ್ಕೂ ದಂಡೆಗೂ ನಡುವೆ ಸೆರೆಯಾಗಿ ನಿಂತಿರುವ ತಿಳಿನೀರಿನ ಹರವಿಗೆ ಲಗೂನ್ ಎನ್ನುತ್ತಾರೆ. ಚಾರ್ಲ್ಸ್ ಡಾರ್ವಿನ್ನನು 1842ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಥ ದ್ವೀಪಗಳ ಉತ್ಪತ್ತಿಯನ್ನು ವಿವರಿಸಿದನು. ಸಮುದ್ರದೊಳಗಿನ ಜ್ವಾಲಾಮುಖಿ ಪರ್ವತವು ಮೆಲ್ಲಮೆಲ್ಲನೆ ಕುಸಿಯುತ್ತ ಹೋದಂತೆ ಅದರ ಸುತ್ತ ಬೆಳೆದ ಹವಳವು ಬೆಳಕನ್ನರಸಿ ಮೇಲೇರುತ್ತಲೇ ಇರುತ್ತದೆ; ಕೊನೆಗೆ ಬೆಟ್ಟ ಮುಳುಗಿ ಹವಳದ ಉಂಗುರ ಮಾತ್ರ ಉಳಿಯುತ್ತದೆ. ದಂಡೆಯ ಬೆಳ್ಳನೆಯ ಮರಳು ಕೂಡ ಹವಳದ್ದೇ. ಗಿಳಿಮೀನು ಎಂಬ ಮೀನು ಕೊಕ್ಕಿನಂಥ ಹಲ್ಲಿನಿಂದ ಹವಳದ ಕಲ್ಲನ್ನು ಕೆರೆದು ತಿಂದು ಅರೆದು ಹೊರಹಾಕುವುದರಿಂದ ಅದರ ಬಹುಪಾಲು ಉಂಟಾಗುತ್ತದೆಯಂತೆ. ನಾವು ಕಾಲಿಟ್ಟು ನಡೆದ ಆ ಮೃದುವಾದ ದಂಡೆ ಮೀನಿನ ಹೊಟ್ಟೆಯಿಂದ ಬಂದುದೆಂದು ಕೇಳಿ ಮೊಮ್ಮಗಳು ಮೂಗು ಮುರಿದಳು.

ಅಳಿಯಂದಿರು ಆ ದಿನ ನಸುಕಿನಲ್ಲಿಯೇ ಮುಳುಗುಗಾರರ ತಂಡದೊಡನೆ ದಿಬ್ಬದಾಚೆ ಹೋಗಿದ್ದರು. ಮೊಮ್ಮಗಳಿಗೆ ಹಲಗೆ ಹತ್ತುವ ಹಂಬಲ. ಒಬ್ಬಳನ್ನೇ ಕಳಿಸಲು ಅವಳ ತಾಯಿ ಒಪ್ಪಲಿಲ್ಲ. ತಾನು ಜೊತೆಗೆ ಹೋಗಲೂ ಇಲ್ಲ. ದಂಡೆಯ ಮೇಲೆ ಟವೆಲ್ಲುಗಳನ್ನು ಮಡಿಸುತ್ತ ಕುಳಿತಿದ್ದ ಅವಳ ಮುಖವನ್ನು ನೋಡಿದಾಗ, ರುಜು ಹಾಕದ ಆ ಚೀಟಿ ನಮಗೆ ಏಕೋ ನೆನಪಾಯಿತು. "ನಡಿಯವ್ವಾ, ನಾವ ಬರ್ತೀವಿ" ಎಂದುಬಿಟ್ಟೆವು.

ಮಾರ್ಗದರ್ಶಕನು ಇಪ್ಪತ್ತೈದರ ಒಳಗಿನ ದ್ವೀಪವಾಸಿ ತರುಣ. ಅವನ ಹಿಂದಿ ನಮ್ಮ ಹಿಂದಿಗಿಂತ ಉತ್ತಮವಾಗಿರಲಿಲ್ಲವಾದ್ದರಿಂದ ಇಬ್ಬರಿಗೂ ಅನುಕೂಲವಾಯಿತು. ಪಂಚೆ ಬಿಚ್ಚಿಸಿ ಚಡ್ಡಿ ತೊಡಿಸಿದನು. ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿಯುವಾಗ ಎದೆಯ ಮೇಲೆ ಏನೋ ಗಟ್ಟಿಯಾಗಿ ತಾಗಿತೆಂದು ಕೇಳಿದನು. ನಾವು ಕರಡಿಗೆಯನ್ನು ಬಟ್ಟೆಯಲ್ಲಿ ಭದ್ರವಾಗಿ ಕಟ್ಟಿಕೊಂಡಿದ್ದೆವು. ಇದು ತೆಗೆಯುವುದಲ್ಲವೆಂದು ಹೇಳಿದಾಗ ತಲೆಬಾಗಿ, ಪಟ್ಟಿಯನ್ನು ತುಸು ಕೆಳಗೆ ಸರಿಸಿ ಕಟ್ಟಿದನು.

ಹಲಗೆ ಎಂದೆವಲ್ಲ, ಅದು ಮರದ್ದಲ್ಲ. ಗಾಳಿ ತುಂಬಿ ಕಲ್ಲಿನಂತೆ ಬಿಗಿ ಮಾಡಿದ, 10 ಅಡಿಗಿಂತ ಹೆಚ್ಚು ಉದ್ದದ, 32 ಅಂಗುಲ ಅಗಲದ ಸಾಧನ. ಹಿಂಬದಿಯ ಅಡಿಯಲ್ಲಿ ಮೀನಿನ ರೆಕ್ಕೆಯಂಥ ತುಂಡೊಂದಿರುತ್ತದೆ. ಹಲಗೆ ನೇರವಾಗಿ ಸಾಗುವುದು ಅದರ ದೆಸೆಯಿಂದ. ಹಲಗೆಯಿಂದ ಹೊರಟ ಹುರಿಯೊಂದನ್ನು ಕಾಲಿಗೆ ಕಟ್ಟುತ್ತಾರೆ. "ನೀವು ಬಿದ್ದರೂ ಹಲಗೆ ನಿಮ್ಮನ್ನು ಬಿಟ್ಟು ಹೋಗಬಾರದು, ಈಜು ಬಲ್ಲವರಿಗೂ ಇದು ಬೇಕು" ಎಂದನು ತರುಣ. ಹುಟ್ಟಿನ ಉದ್ದ ನಮ್ಮ ಎತ್ತರಕ್ಕಿಂತ ಒಂದು ಗೇಣು ಹೆಚ್ಚು. ಅದರ ಅಲಗು ತುಸು ಬಾಗಿರುತ್ತದೆ. ಆ ಬಾಗು ಮುಂದಕ್ಕೆ ಇರಬೇಕು. ನಾವು, ನೀರನ್ನು ಬಾಚಿಕೊಳ್ಳುವ ಸಲಿಕೆಯೆಂದು ಭಾವಿಸಿ, ತಿರುವುಮುರುವಾಗಿ ಹಿಡಿದಿದ್ದೆವು. ಹೊಸಬರೆಲ್ಲ ಹಾಗೆಯೇ ಹಿಡಿಯುವರೆಂದು ಅವನು ಸಮಾಧಾನ ಹೇಳಿದನು.

ಪಾಠ ಮರಳಿನ ಮೇಲೆ ಆರಂಭವಾಯಿತು. ಮೊದಲು ಹಲಗೆಯ ನಡುವಿನ ಹಿಡಿಯ ಎರಡೂ ಬದಿಗೆ ಮೊಳಕಾಲೂರಿ ಕೂರಬೇಕು. ಹಾಗೆಯೇ ಕುಳಿತು ಕೆಲಹೊತ್ತು ಹುಟ್ಟು ಹಾಕಬೇಕು. ಬಳಿಕ ಮೊಳಕಾಲಿದ್ದ ಜಾಗಕ್ಕೆ ಒಂದೊಂದಾಗಿ ಪಾದಗಳನ್ನಿಟ್ಟು ಏಳಬೇಕು. ಪಾದಗಳ ನಡುವೆ ಸೊಂಟದಗಲ ಅಂತರ, ಮೊಳಕಾಲು ಸಡಿಲ, ದೃಷ್ಟಿ ದೂರಕ್ಕೆ. ಹುಟ್ಟನ್ನು ಮುಂದೆ ಚಾಚಿ ಅಲಗು ಪೂರ್ತಿ ಮುಳುಗಿಸಿ, ಪಾದದ ಬಳಿ ಬರುತ್ತಲೇ ಎತ್ತಿಬಿಡಬೇಕು. ಬೀಳುವುದಾದರೆ ಹಲಗೆಯ ಮೇಲೆ ಬೀಳದೆ, ಪಕ್ಕದ ನೀರಿಗೆ ಮೈಚಾಚಿ ಚಪ್ಪಟೆಯಾಗಿ ಬೀಳಬೇಕು. ಕಾಲು ಕೆಳಗೆ ಊರಕೂಡದು. ಹವಳ ಕಾಲನ್ನು ಸೀಳುತ್ತದೆ, ಕಾಲು ಹವಳವನ್ನು ಮುರಿಯುತ್ತದೆ. ಐವತ್ತು ವರ್ಷ ಇತರರಿಗೆ ಪಾಠ ಹೇಳಿದ ನಮಗೆ, ಮೊಮ್ಮಗಳ ಪಕ್ಕದಲ್ಲಿ ಮರಳಿನ ಮೇಲೆ ಮಂಡಿಯೂರಿ ಪಾಠ ಕೇಳುವುದು ಮೊದಲಿಗೆ ಸಂಕೋಚವೆನಿಸಿದರೂ ಅದು ಬಹಳ ಹೊತ್ತು ಉಳಿಯಲಿಲ್ಲ.

ಈ ವಿದ್ಯೆಯ ಮೂಲ ಶಾಂತಸಾಗರದ ಹವಾಯಿ ದ್ವೀಪಗಳಲ್ಲಿದೆ. ಅಲ್ಲಿಯ ವೈಕೀಕಿ ಎಂಬ ದಂಡೆಯಲ್ಲಿ ಅಲೆಸವಾರಿಯನ್ನು ಕಲಿಸುತ್ತಿದ್ದವರು ಶಿಷ್ಯರನ್ನು ನೋಡಿಕೊಳ್ಳುವುದಕ್ಕಾಗಿ ತಮ್ಮ ದೊಡ್ಡ ಹಲಗೆಗಳ ಮೇಲೆ ಹುಟ್ಟು ಹಿಡಿದು ನಿಲ್ಲುತ್ತಿದ್ದರು. ಜಗತ್ತಿಗೆಲ್ಲ ಹಬ್ಬಿದ್ದು 2000ದ ನಂತರ. ಗುರುಗಳಾದವರು ಶಿಷ್ಯರ ಮೇಲೆ ಕಣ್ಣಿಡಲೆಂದು ಎದ್ದು ನಿಂತುದರಿಂದ ಹುಟ್ಟಿದ ಕ್ರೀಡೆ ಇದೆಂಬುದು ನಮಗೆ ಹಿಡಿಸಿತು.

ಹೊರಡುವ ಮೊದಲು ತರುಣನು ಗಾಳಿಯ ವಿಷಯ ಹೇಳಿದನು. ಚಳಿಗಾಲದಲ್ಲಿ ಇಲ್ಲಿ ಗಾಳಿ ಈಶಾನ್ಯದಿಂದ, ಅಂದರೆ ನೆಲದ ಕಡೆಯಿಂದ ನೀರಿನ ಕಡೆಗೆ ಬೀಸುತ್ತದೆ. ದಂಡೆಯ ಸಮೀಪ ತೆಂಗಿನ ಸಾಲು ಅದನ್ನು ತಡೆಯುವುದರಿಂದ ನೀರು ಕನ್ನಡಿಯಂತಿರುತ್ತದೆ. ಆ ಕನ್ನಡಿಯನ್ನು ನಂಬಿ ದೂರ ಹೋದವರನ್ನು ಗಾಳಿ ದಿಬ್ಬದ ಕಡೆಗೆ ಒಯ್ಯುತ್ತದೆ. ನಿಂತ ಮನುಷ್ಯನ ಮೈಯೇ ಹಾಯಿಯಾಗುತ್ತದೆ. ಆದ್ದರಿಂದ ದಂಡೆಗುಂಟ ಉತ್ತರಕ್ಕೆ, ಗಾಳಿಗೆ ಎದುರಾಗಿ ಮೊದಲು ಹೋಗುವುದು. ದಣಿದ ಮೇಲೆ ಗಾಳಿಯ ಸಹಾಯದಿಂದ ಮರಳುವುದು. ಗಾಳಿ ಹೆಚ್ಚಿದರೆ ಮಂಡಿಯೂರಿ ಕೂತುಬಿಡುವುದು. ಸಮುದ್ರದ ಅಂಚಿನಲ್ಲಿ ಈ ಆಟಕ್ಕಿಳಿಯುವ ಕುಟುಂಬಗಳು ಉಳಿದೆಲ್ಲವನ್ನೂ ಮರೆತರೂ ಈ ಮಾತನ್ನು ಮರೆಯಬಾರದು.

ಏಳೂವರೆಗೆ ನೀರಿಗಿಳಿದೆವು. ಮೊದಲ ಎರಡು ಸಲ ಏಳಲು ಹೋಗಿ ಮತ್ತೆ ಮಂಡಿಯೂರಿದೆವು. ಕಾಲುಗಳು ಥರಥರನೆ ನಡುಗುತ್ತಿದ್ದವು. "ಅಜ್ಜಾ, ಕಾಲ ನೋಡಬ್ಯಾಡ್ರಿ, ಮುಂದ ನೋಡ್ರಿ!" ಎಂದು ಮೊಮ್ಮಗಳು ಕೂಗಿದಳು, ಅವಳು ಆಗಲೇ ನಿಂತಾಗಿತ್ತು. ದೂರದ ನೊರೆಯ ಗೆರೆಯನ್ನು ದಿಟ್ಟಿಸಿ ಮೂರನೆಯ ಸಲ ಎದ್ದೆವು. ನಿಂತೆವು.

ಅದರ ಅನುಭವವನ್ನು ಹೇಗೆ ಹೇಳುವುದು? ಎದೆಮಟ್ಟದ ನೀರು ಎಷ್ಟು ತಿಳಿಯಾಗಿತ್ತೆಂದರೆ ಹಲಗೆಯ ನೆರಳು ಕೆಳಗಿನ ಮರಳಿನ ಮೇಲೆ ಬೇರೊಂದು ಹಲಗೆಯಂತೆ ನಮ್ಮ ಜೊತೆಗೆ ಸಾಗುತ್ತಿತ್ತು. ಯಂತ್ರದ ಸದ್ದಿಲ್ಲ, ಹುಟ್ಟಿನಿಂದ ತೊಟ್ಟಿಕ್ಕುವ ಹನಿಗಳ ಸಪ್ಪಳ, ದೂರದಲ್ಲಿ ದಿಬ್ಬದ ಮೊರೆತ. ಕಡಲಹುಲ್ಲಿನ ಹಸಿರು ಹಾಸಿನ ಮೇಲೆ ಆಮೆಯೊಂದು ಮೇಯುತ್ತಿತ್ತು. ಉಸಿರಿಗಾಗಿ ಮೇಲೆ ಬಂದು, ನಮ್ಮನ್ನು ನೋಡಿ, ಅವಸರವಿಲ್ಲದೆ ಇಳಿದು ಹೋಯಿತು.

ಇನ್ನೊಂದಿಷ್ಟು ಮುಂದೆ ಹವಳದ ಗುಂಪುಗಳಿದ್ದವು. ಕೆಲವು ಕಂದು ಬಣ್ಣದಿಂದ ಜೀವಂತವಾಗಿದ್ದವು. ಬಹಳಷ್ಟು ಸತ್ತು, ಪಾಚಿ ಹಿಡಿದು, ಸುಟ್ಟ ಗುಡಿಸಲಿನ ಕಂಬಗಳಂತೆ ನಿಂತಿದ್ದವು. ಹವಳದ ಜೀವಿಯ ಮೈಯೊಳಗೆ ಸೂಕ್ಷ್ಮವಾದ ಪಾಚಿಗಳು ಬಾಳುತ್ತ, ಬೆಳಕಿನಿಂದ ಅನ್ನವನ್ನು ಮಾಡಿ ಅದಕ್ಕೆ ಉಣಿಸುತ್ತವೆ. ಸಮುದ್ರದ ಬಿಸಿ ಮಿತಿಮೀರಿದಾಗ ಈ ಜೊತೆ ಮುರಿದು, ಹವಳ ಬೆಳ್ಳಗಾಗಿ, ಬಿಸಿ ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016 ಹಾಗೂ 2024ರಲ್ಲಿ ಹೀಗಾಯಿತು. "ದಿಬ್ಬ ಹೋದರೆ ಅಲೆ ಇಲ್ಲಿಗೇ ಬರುತ್ತದೆ" ಎಂದು ತರುಣನು ದಂಡೆಯ ಮೇಲಿನ ಮನೆಗಳ ಕಡೆ ಹುಟ್ಟಿನಿಂದ ತೋರಿಸಿದನು. ಸತ್ತ ಹವಳದ ಒಂದು ಚೂರನ್ನು ಮನೆಗೆ ಒಯ್ಯಲೇ ಎಂದು ಕೇಳಿದ ಮೊಮ್ಮಗಳಿಗೆ, ಅದು ವನ್ಯಜೀವಿ ಕಾಯಿದೆಯ ಪ್ರಕಾರ ಅಪರಾಧವೆಂದು ಸಣ್ಣಗೆ ಗದರಿದನು.

ಮರಳುವಾಗ ಅವಘಡ ನಡೆಯಿತು; ಕಾರಣ ನಾವೇ. ಆಮೆ ಮತ್ತೆ ಕಂಡಿತೆಂದು ಕೆಳಗೆ ಬಗ್ಗಿ ನೋಡಲು ಹೋಗಿ ದೊಪ್ಪನೆ ಬಿದ್ದೆವು. ಕಿವಿ ಮೂಗುಗಳಲ್ಲಿ ಉಪ್ಪುನೀರು ನುಗ್ಗಿತು. ಆ ಒಂದು ಕ್ಷಣದಲ್ಲಿ ನಾವು ಹನ್ನೊಂದು ವರ್ಷದವರಾಗಿ ಹೊಳೆಯ ದಂಡೆಯಲ್ಲಿದ್ದೆವೆಂದರೆ ಸುಳ್ಳಲ್ಲ. ಜಾಕೆಟ್ಟು ನಮ್ಮನ್ನು ಎತ್ತಿ ತೇಲಿಸಿತು. ತರುಣನು ಬಂದು ನಮ್ಮನ್ನು ಹಲಗೆಯ ಮೇಲೆ ಹತ್ತಿಸುವಷ್ಟರಲ್ಲಿ ಮೊಮ್ಮಗಳು ತೆಂಗಿನ ಮರೆಯನ್ನು ದಾಟಿ ದೂರ ಹೋಗಿದ್ದಳು. ಗಾಳಿ ಅವಳ ಬೆನ್ನಿಗಿತ್ತು. ಹಿಂದಿರುಗಲು ಅವಳು ಹುಟ್ಟು ಹಾಕಿದಷ್ಟೂ ಹಲಗೆ ದಿಬ್ಬದ ಕಡೆಗೇ ಜಾರುತ್ತಿತ್ತು.

ತರುಣನು ಸೀಟಿ ಊದಿ, ಕೂರುವಂತೆ ಕೈಸನ್ನೆ ಮಾಡಿ, ಬಾಣದಂತೆ ಹೊರಟನು. ನಾವು ಮಂಡಿಯೂರಿ ಹೇಗೋ ದಂಡೆ ಸೇರಿದಾಗ ಮಗಳು ಸೀರೆಯಲ್ಲಿಯೇ ಸೊಂಟಮಟ್ಟದ ನೀರಿನಲ್ಲಿ ನಿಂತಿದ್ದಳು. "ನನಗ ಈಜಾಕ ಬರಂಗಿಲ್ರಿ ಅಪ್ಪಾ, ನಾ ಹ್ಯಾಂಗ ಹೋಗ್ಲಿ ಅಕಿ ಕಡೆ?" ಎಂದಳು. ದೂರಿ ಹೇಳಿದ ಮಾತಲ್ಲ. ಆದರೂ ಅದಕ್ಕೆ ಉತ್ತರ ಹೇಳಬೇಕಾದವರು ನಾವೊಬ್ಬರೇ ಆಗಿದ್ದೆವು.

ಹುಡುಗಿ ಹೇಳಿಕೊಟ್ಟಂತೆ ಹಲಗೆಯ ಮೇಲೆ ಬೋರಲಾಗಿ ಮಲಗಿದ್ದಳು. ತರುಣನು ಅವಳ ಹಲಗೆಯನ್ನು ತನ್ನದಕ್ಕೆ ಬಿಗಿದು, ಮಂಡಿಯೂರಿ ಹುಟ್ಟು ಹಾಕುತ್ತ ಎಳೆದುಕೊಂಡು ಬಂದನು. ಹದಿನೈದು ನಿಮಿಷವಾಗಿರಬಹುದು. ಅಷ್ಟರಲ್ಲಿ ನಾವು ಮಗಳಿಗೆ ಹೊಳೆಯ ದಂಡೆಯ ಆ ಸಂಗತಿಯನ್ನು ಹೇಳಿದೆವು. ಸಹಪಾಠಿಯ ಹೆಸರನ್ನೂ ಹೇಳಿದೆವು. ಐವತ್ತೈದು ವರ್ಷಗಳಲ್ಲಿ ಅದನ್ನು ಉಚ್ಚರಿಸಿದ್ದು ಅದೇ ಮೊದಲು. ಅವಳು ನೀರಿನಿಂದ ಕಣ್ಣು ತೆಗೆಯದೆ ಕೇಳಿದಳು. "ಆಗ ಹೇಳಬೇಕಿತ್ರಿ" ಎಂದಷ್ಟೇ ಅಂದಳು.

ಹನ್ನೊಂದು ಗಂಟೆಗೆ ಹಲಗೆಗಳನ್ನು ಮರಳಿಸಬೇಕಾಗಿತ್ತು. ಇನ್ನೂ ಅರ್ಧ ತಾಸು ಉಳಿದಿತ್ತು. ಮಗಳು ಸೀರೆ ಬದಲಿಸಿ ಚೂಡಿದಾರ ತೊಟ್ಟು ಬಂದು, ನಾವು ಬಿಚ್ಚಿದ್ದ ಒದ್ದೆ ಜಾಕೆಟ್ಟನ್ನು ತಾನು ತೊಟ್ಟಳು. ಮರಗಳ ಮರೆಯಲ್ಲಿ, ನಮ್ಮ ಸೊಂಟಮಟ್ಟದ ನೀರಿನಲ್ಲಿ, ತರುಣನು ಹಲಗೆಯ ಮೂತಿಯನ್ನೂ ನಾವು ಬಾಲವನ್ನೂ ಹಿಡಿದು ನಿಂತೆವು. ಅವಳು ಮಂಡಿಯೂರಿ ಕುಳಿತು ಹುಟ್ಟು ಹಾಕಿದಳು. ಎದ್ದು ನಿಲ್ಲಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಿಂತಿರುಗದೆಯೇ "ಕೈ ಬಿಡ್ರಿ" ಎಂದಳು. ಬಿಟ್ಟೆವು.

ಈಗ ಬೆಂಗಳೂರಿನಲ್ಲಿ ತಾಯಿ ಮಗಳಿಬ್ಬರೂ ವಾರಕ್ಕೆ ಮೂರು ದಿನ ಈಜುಕೊಳಕ್ಕೆ ಹೋಗುತ್ತಾರೆ. ತೇಲಲು ಬಂದಿದೆಯಂತೆ, ಕಾಲು ಬಡಿಯುವುದು ಇನ್ನೂ ಸರಿಹೋಗಿಲ್ಲವಂತೆ. ಮೊನ್ನೆ ಫೋನಿನಲ್ಲಿ ನಮ್ಮನ್ನೂ ಬರಹೇಳಿದ್ದಾಳೆ.