ಮೂರನೆಯವನಿಗೆ ಗೊತ್ತಿರುತ್ತದೆ

ಹದಿಹರೆಯದ ಇಬ್ಬರೋ ಮೂವರೋ ಸೇರಿ ಯಾರನ್ನೋ ಇರಿದರು, ಕೊಂದರು ಎಂಬ ಸುದ್ದಿ ಬಂದಾಗ ಆ ಹುಡುಗರ ಮನೆಗಳಲ್ಲಿ ಕೇಳುವ ಮಾತು ಒಂದೇ: "ನಮ್ ಹುಡ್ಗ ಅಂಥೋನಲ್ಲ, ಅವ್ನ ಸಾವಾಸ ಮಾಡಿ ಕೆಟ್ಟ." ಈ ಮನೆಯವರು ಆ ಮನೆಯತ್ತ ಬೆರಳು ಮಾಡುತ್ತಾರೆ, ಆ ಮನೆಯವರು ಈ ಮನೆಯತ್ತ. ಹೆತ್ತ ಕರುಳು, ಹಾಗನ್ನದೆ ಇನ್ನೇನು ಅಂದೀತು ಎಂದು ಊರು ಆ ಮಾತನ್ನು ತಳ್ಳಿಹಾಕುತ್ತದೆ. ನನಗೆ ಮಾತ್ರ ಇಬ್ಬರು ತಾಯಂದಿರೂ ನಿಜವನ್ನೇ ಹೇಳುತ್ತಿರಬಹುದು ಅನ್ನಿಸುತ್ತದೆ. ಒಬ್ಬನೇ ಇದ್ದಿದ್ದರೆ ಅವನೂ ಆ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ, ಇವನೂ ಹಾಕುತ್ತಿರಲಿಲ್ಲ. ಯಾರು ಯಾರನ್ನು ಕೆಡಿಸಿದರು ಎಂದು ಹುಡುಕುತ್ತ ಹೋದರೆ ಇಂಥ ಸಂಚಿನ ಬೇರು ಸಿಕ್ಕುವುದಿಲ್ಲ. ಅದು ಇಬ್ಬರ ನಡುವಿನ ಮಾತಿನಲ್ಲಿ, ನಗುವಿನಲ್ಲಿ, ಹಿಂದೆ ಸರಿಯಲಾಗದ ಸಂಕೋಚದಲ್ಲಿ ಹುಟ್ಟಿರುತ್ತದೆ.

ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಂಥ ಊರನ್ನು ಕಣ್ಣ ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಆ ಊರಿನ ಮೇಲೆ ಯಾವ ಆರೋಪವನ್ನೂ ಹೊರಿಸುತ್ತಿಲ್ಲ. ಮಂಡ್ಯ ಸೀಮೆಯ ಯಾವ ಊರಾದರೂ ಆದೀತು. ಬೆಳಿಗ್ಗೆ ಕಾಲೇಜಿನ ಬಸ್ಸಿಗೆ ಕಾಯುವ ಹುಡುಗರು, ಸಂಜೆ ಅರಳಿಕಟ್ಟೆಯ ಮೇಲೋ ನಾಲೆ ಏರಿಯ ಮೇಲೋ ಮೊಬೈಲ್ ಹಿಡಿದು ಕೂತ ಅದೇ ಹುಡುಗರು. ಪೇಟೆಯಲ್ಲಿ ಯಾರ ಮಕ್ಕಳು ಏನು ಮಾಡುತ್ತಾರೋ ತಿಳಿಯುವುದಿಲ್ಲ, ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲ ಗೊತ್ತು ಎಂದು ನಾವು ನಂಬಿಕೊಂಡಿದ್ದೇವೆ. ಯಾರ ಮಗ, ಯಾರ ಮೊಮ್ಮಗ, ಯಾರ ಗಾಡಿ ಓಡಿಸುತ್ತಿದ್ದಾನೆ ಎಂಬುದು ಗೊತ್ತು, ನಿಜ. ಆದರೆ ಕಟ್ಟೆಯತ್ತ ದೊಡ್ಡವರೊಬ್ಬರು ಬರುತ್ತಿದ್ದಂತೆ ಅಲ್ಲಿ ಮಾತು ಬದಲಾಗುತ್ತದೆ. ಬದಲಾಗುವ ಮೊದಲು ಏನು ಮಾತಾಡುತ್ತಿದ್ದರು ಎಂಬುದು ಅಲ್ಲಿ ಕೂತವರಿಗೆ ಮಾತ್ರ ಗೊತ್ತು.

ಆ ಮಾತು ಹೇಗೆ ಬೆಳೆಯುತ್ತದೆ ಎಂಬುದನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಡೇವಿಡ್ ಮಾಟ್ಜಾ 1964ರಲ್ಲೇ ಬರೆದರು. ತಪ್ಪುದಾರಿ ಹಿಡಿದ ಹುಡುಗರ ಗುಂಪಿನಲ್ಲಿ ಪ್ರತಿಯೊಬ್ಬನೂ ಮಿಕ್ಕವರೆಲ್ಲ ಆ ದಾರಿಗೆ ಪೂರ್ತಿ ಒಪ್ಪಿದ್ದಾರೆ ಎಂದುಕೊಂಡಿರುತ್ತಾನೆ; ಒಳಗೆ ಅಳುಕು ಇರುವುದು ತನಗೊಬ್ಬನಿಗೇ ಎಂದು ಭಾವಿಸುತ್ತಾನೆ. ಎಲ್ಲರಿಗೂ ಅಳುಕಿದೆ, ಯಾರೂ ಬಾಯಿಬಿಡುವುದಿಲ್ಲ. ನಮ್ಮ ಕಡೆಯ ಮಾತಿಗೆ ಇಳಿಸಿದರೆ ಹೀಗೆ: ಅವಮಾನ ಮಾಡಿದ ಒಬ್ಬನ ಹೆಸರು ಬರುತ್ತದೆ. "ಅವ್ನಿಗೊಂದು ಗತಿ ಕಾಣಿಸ್ಬೇಕು ಕಲಾ" ಎಂದು ಒಬ್ಬ ಅನ್ನುತ್ತಾನೆ, ಸಿಟ್ಟಿಗೆ. "ಕಾಣಿಸ್ಬುಡನ" ಎಂದು ಇನ್ನೊಬ್ಬ, ಸ್ನೇಹಕ್ಕೆ. ಮೊದಲನೆಯವನು ಈಗ ಸುಮ್ಮನಾದರೆ ಪುಕ್ಕಲ. ಎರಡನೆಯವನು ತಡೆದರೆ ಕೈಕೊಟ್ಟವನು. ಮಾರನೆಯ ದಿನ ಯಾವಾಗ, ಎಲ್ಲಿ ಎಂಬ ಮಾತು ಸೇರುತ್ತದೆ. ಅವನೇ ಬೇಡ ಅನ್ನಲಿ ಎಂದು ಇವನು, ಇವನೇ ಅನ್ನಲಿ ಎಂದು ಅವನು ಕಾಯುತ್ತಾರೆ. ಯಾರೂ ಅನ್ನದೆ ದಿನ ಬಂದುಬಿಡುತ್ತದೆ.

ಇದನ್ನು ಹುಡುಗರ ಹುಂಬತನ ಎಂದು ಬಿಡುವಂತಿಲ್ಲ. 2005ರಲ್ಲಿ ಮಾರ್ಗೊ ಗಾರ್ಡ್‌ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞರು 306 ಜನರನ್ನು ಕಂಪ್ಯೂಟರಿನ ಕಾರು ಆಟಕ್ಕೆ ಕೂರಿಸಿದರು. ಹಳದಿ ದೀಪ ಬಂದ ಮೇಲೆ ಎಷ್ಟು ದೂರ ಓಡಿಸುತ್ತೀರಿ ಎಂಬುದೇ ಆಟ. ಹೆಚ್ಚು ಓಡಿಸಿದರೆ ಹೆಚ್ಚು ಅಂಕ, ಮಿತಿ ಮೀರಿದರೆ ಡಿಕ್ಕಿ. ಕೆಲವರು ಒಬ್ಬರೇ ಆಡಿದರು, ಕೆಲವರು ಗೆಳೆಯರ ಎದುರು. ಗೆಳೆಯರು ಪಕ್ಕದಲ್ಲಿದ್ದಾಗ 13ರಿಂದ 16ರ ವಯಸ್ಸಿನವರು ತೆಗೆದುಕೊಂಡ ಅಪಾಯ ಬಹಳ ಏರಿತು. 24 ದಾಟಿದವರಲ್ಲಿ ಗೆಳೆಯರಿದ್ದರೂ ಇಲ್ಲದಿದ್ದರೂ ವ್ಯತ್ಯಾಸ ಕಾಣಲಿಲ್ಲ. ಆರು ವರ್ಷಗಳ ನಂತರ ಇದೇ ಬಗೆಯ ಪ್ರಯೋಗವನ್ನು ಮಿದುಳಿನ ಸ್ಕ್ಯಾನಿಂಗ್ ಜೊತೆಗೆ ಮಾಡಿದಾಗ, ಗೆಳೆಯರು ನೋಡುತ್ತಿದ್ದಾರೆ ಎಂದು ತಿಳಿದಾಗ ಹದಿಹರೆಯದವರ ಮಿದುಳಿನಲ್ಲಿ ಸುಖದ ನಿರೀಕ್ಷೆಗೆ ಸಂಬಂಧಿಸಿದ ಭಾಗ ಹೆಚ್ಚು ಚುರುಕಾಗುವುದು ಕಂಡಿತು. ಅಪಾಯ ಏನೆಂದು ಆ ವಯಸ್ಸಿಗೆ ತಿಳಿಯುವುದಿಲ್ಲ ಎಂದೇನಲ್ಲ. ಗೆಳೆಯನ ಕಣ್ಣೆದುರು ಆ ತಿಳಿವಳಿಕೆಯ ತೂಕ ಇಳಿದುಹೋಗುತ್ತದೆ.

ನನ್ನನ್ನು ಹೆಚ್ಚು ಕಲಕಿದ್ದು ನಗುವಿನ ಅಧ್ಯಯನ. ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಥಾಮಸ್ ಡಿಶಿಯನ್ ಮತ್ತು ಸಂಗಡಿಗರು 13–14 ವರ್ಷದ ಹುಡುಗರನ್ನು ಅವರವರ ಗೆಳೆಯರ ಜೊತೆ ಮಾತಿಗೆ ಬಿಟ್ಟು ವಿಡಿಯೊ ಮಾಡಿದರು. ಯಾವ ಮಾತಿಗೆ ಗೆಳೆಯ ನಗುತ್ತಾನೆ ಎಂಬುದನ್ನು ಗುರುತು ಹಾಕಿಕೊಂಡರು. ಕೆಲವು ಜೋಡಿಗಳಲ್ಲಿ ಸಾಧಾರಣ ಮಾತಿಗೆ ನಗು ಬರುತ್ತಿತ್ತು, ಕಳ್ಳತನ, ಹೊಡೆದಾಟದ ಮಾತು ಬಂದರೆ ಸಂಭಾಷಣೆ ಬೇರೆ ಕಡೆ ಹೊರಳುತ್ತಿತ್ತು. ಇನ್ನು ಕೆಲವು ಜೋಡಿಗಳಲ್ಲಿ ನಗು ಬರುತ್ತಿದ್ದದ್ದೇ ಅಂಥ ಮಾತಿಗೆ. ನಗು ಬಂದಂತೆಲ್ಲ ಮಾತು ಇನ್ನಷ್ಟು ಮುಂದೆ ಹೋಗುತ್ತಿತ್ತು. ಮುಂದಿನ ವರ್ಷಗಳಲ್ಲಿ ಅಪರಾಧದ ಹಾದಿಯಲ್ಲಿ ಹೆಚ್ಚು ಕಾಣಿಸಿಕೊಂಡವರು ಈ ಎರಡನೆಯ ಬಗೆಯವರು. ಯಾರೂ ಯಾರಿಗೂ ಬೋಧನೆ ಮಾಡಲಿಲ್ಲ, ಬೆದರಿಸಲಿಲ್ಲ. ಬರೀ ನಕ್ಕರು. ಪೆಟ್ಟಿಗೆ ಅಂಗಡಿಯ ಮುಂದೆ ಹುಡುಗರು ನಗುವುದನ್ನು ನಾವು ದಿನಾ ಕೇಳುತ್ತೇವೆ, ಯಾವುದಕ್ಕೆ ನಕ್ಕರು ಎಂದು ಕೇಳಿಸಿಕೊಳ್ಳುವುದಿಲ್ಲ.

2019ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ 15 ವರ್ಷದ ಹುಡುಗಿ ಮತ್ತು ಹದಿನೆಂಟು ದಾಟಿದ ಅವಳ ಗೆಳೆಯ ಸೇರಿ ಅವಳ ತಂದೆಯನ್ನೇ ಕೊಂದರು ಎಂಬ ಆರೋಪದ ಪ್ರಕರಣ ರಾಜ್ಯವನ್ನೇ ನಡುಗಿಸಿತು. ಇಬ್ಬರ ಗೆಳೆತನಕ್ಕೆ ತಂದೆಯ ವಿರೋಧವಿತ್ತು, ಮನೆಯ ಉಳಿದವರು ಊರಲ್ಲಿಲ್ಲದ ಹೊತ್ತು ನೋಡಿ ಇಬ್ಬರೂ ಮೊದಲೇ ಯೋಚಿಸಿ ಮಾಡಿದ್ದಾರೆ ಎಂಬುದು ಪೊಲೀಸರ ಹೇಳಿಕೆಯಾಗಿತ್ತು. ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಮಕ್ಕಳ ಗುರುತು ಬಿಟ್ಟುಕೊಡಬಾರದು ಎನ್ನುತ್ತದೆ, ಆ ಕಲಂ ಇಲ್ಲದಿದ್ದರೂ ನಾನು ಬರೆಯುತ್ತಿರಲಿಲ್ಲ. ಆ ವಾರ ಎಲ್ಲೆಡೆ ಕೇಳಿದ್ದು, ಇಂಥ ಮಗಳೂ ಇರುತ್ತಾಳೆಯೇ ಎಂಬ ಉದ್ಗಾರ. ಒಂದು ಮನೆಯ ಜಗಳ ಇಬ್ಬರ ಗುಟ್ಟಾಗಿ, ಗುಟ್ಟು ಲೆಕ್ಕಾಚಾರವಾಗುವ ತನಕ ನಡುವೆ ಎಷ್ಟು ದಿನಗಳಿದ್ದವು, ಆ ದಿನಗಳಲ್ಲಿ ಅವನ ಹೊರತು ಬೇರೆ ಯಾರ ಜೊತೆ ಅವಳು ಮನಸ್ಸು ಬಿಚ್ಚಿ ಮಾತಾಡಬಹುದಿತ್ತು ಎಂದು ಕೇಳಿದವರು ಕಡಿಮೆ.

ಇದಕ್ಕೆ 65 ವರ್ಷ ಹಿಂದೆ, ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಹೀಗೇ ಆಗಿತ್ತು. 16 ವರ್ಷದ ಪಾಲಿನ್ ಪಾರ್ಕರ್, 15 ವರ್ಷದ ಜೂಲಿಯೆಟ್ ಹ್ಯೂಮ್. ಇಬ್ಬರೂ ಚಿಕ್ಕಂದಿನಲ್ಲಿ ದೊಡ್ಡ ಕಾಯಿಲೆಗಳನ್ನು ಕಂಡವರು, ಇಬ್ಬರೂ ಸೇರಿ ತಮ್ಮದೇ ಒಂದು ಕಲ್ಪನೆಯ ಲೋಕ ಕಟ್ಟಿಕೊಂಡು ಕಥೆ ಬರೆಯುತ್ತಿದ್ದವರು. ಜೂಲಿಯೆಟ್‌ಳನ್ನು ದಕ್ಷಿಣ ಆಫ್ರಿಕಾಕ್ಕೆ ಕಳಿಸಲು ಅವಳ ಮನೆಯವರು ಹೊರಟಾಗ, ಜೊತೆಯಾಗಿರಲು ಪಾಲಿನ್‌ಳ ತಾಯಿಯೇ ಅಡ್ಡಿ ಎಂದು ಇಬ್ಬರಿಗೂ ತೋರಿತು. 1954ರ ಜೂನ್ 22ರಂದು ಆ ತಾಯಿಯನ್ನು ಉದ್ಯಾನವೊಂದಕ್ಕೆ ಕರೆದೊಯ್ದು ಕೊಂದರು. ಪಾಲಿನ್‌ಳ ಡೈರಿಯಲ್ಲಿ ಎಲ್ಲವೂ ಮೊದಲೇ ಬರೆದಿತ್ತು. ಒಬ್ಬರ ಭ್ರಮೆ ಇನ್ನೊಬ್ಬರಿಗೂ ಹತ್ತಿ ಇಬ್ಬರಿಗೂ ಬುದ್ಧಿ ಸ್ಥಿಮಿತ ತಪ್ಪಿತ್ತು ಎಂದು ಅವರ ಪರ ವೈದ್ಯರು ವಾದಿಸಿದರು, ಜ್ಯೂರಿ ಒಪ್ಪಲಿಲ್ಲ. ಗಲ್ಲಿಗೇರಿಸುವ ವಯಸ್ಸಲ್ಲದ ಕಾರಣ ಸೆರೆಯಾಯಿತು, ಸುಮಾರು ಐದು ವರ್ಷಕ್ಕೆ ಬಿಡುಗಡೆಯೂ ಆಯಿತು. ಜೂಲಿಯೆಟ್ ಮುಂದೆ ಆನ್ ಪೆರಿ ಎಂಬ ಹೆಸರಿನಲ್ಲಿ ಪ್ರಸಿದ್ಧ ಪತ್ತೇದಾರಿ ಕಾದಂಬರಿಕಾರ್ತಿಯಾದರು. 1994ರವರೆಗೆ ಅವರು ಯಾರೆಂದು ಓದುಗರಿಗೆ ತಿಳಿದಿರಲಿಲ್ಲ, 2023ರಲ್ಲಿ ತೀರಿಕೊಂಡರು. ಇನ್ನೊಬ್ಬಳು ಸದ್ದಿಲ್ಲದೆ ಬದುಕಿದಳು. ಬೇರೆ ಬೇರೆಯಾದ ಮೇಲೆ ಇಬ್ಬರಲ್ಲಿ ಯಾರೂ ಮತ್ತೆ ಯಾರ ಮೇಲೂ ಕೈಯೆತ್ತಿದ ದಾಖಲೆಯಿಲ್ಲ. ಕೊಲೆಯಾದ ತಾಯಿಗೆ ಇದರಿಂದ ಏನೂ ಮರಳುವುದಿಲ್ಲ. ಆದರೂ ಹುಟ್ಟು ಕೊಲೆಗಡುಕರ ಕಥೆ ಹೀಗೆ ಸಾಗುವುದಿಲ್ಲ.

ನಮ್ಮ ಕಾನೂನು ಇಂಥವರನ್ನು ಹೇಗೆ ನೋಡುತ್ತದೆ? ರಾಷ್ಟ್ರೀಯ ಅಪರಾಧ ದಾಖಲೆಗಳ ಪ್ರಕಾರ 2021ರಲ್ಲಿ ದೇಶದಲ್ಲಿ ಮಕ್ಕಳ ಮೇಲೆ ದಾಖಲಾದ ಪ್ರಕರಣ 31,170, ವಶಕ್ಕೆ ಪಡೆದ ಮಕ್ಕಳು 37,444. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು 16 ದಾಟಿ 18 ತುಂಬದವರು. 2016ರ ಜನವರಿಯಲ್ಲಿ ಜಾರಿಗೆ ಬಂದ ಬಾಲನ್ಯಾಯ ಕಾಯ್ದೆ ಈ ವಯಸ್ಸಿನವರು ಘೋರ ಅಪರಾಧ ಮಾಡಿದ ಆರೋಪವಿದ್ದರೆ ದೊಡ್ಡವರಂತೆ ವಿಚಾರಣೆಗೆ ಒಳಪಡಿಸಲು ಅವಕಾಶ ಕೊಟ್ಟಿತು. ಅದಕ್ಕೆ ಮೊದಲು ಬಾಲನ್ಯಾಯ ಮಂಡಳಿ ಪ್ರಾಥಮಿಕ ಮೌಲ್ಯಮಾಪನ ಮಾಡಬೇಕು: ಆ ಕೃತ್ಯ ಎಸಗುವ ಮಾನಸಿಕ, ದೈಹಿಕ ಸಾಮರ್ಥ್ಯ ಇತ್ತೇ, ಪರಿಣಾಮ ಅರ್ಥವಾಗಿತ್ತೇ, ಯಾವ ಸನ್ನಿವೇಶದಲ್ಲಿ ನಡೆಯಿತು. ಇದು ಮನಶ್ಶಾಸ್ತ್ರ ಬಲ್ಲವರ ನೆರವಿಲ್ಲದೆ ಆಗುವ ಕೆಲಸವಲ್ಲ ಎಂದು 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಒಳ್ಳೆಯದೇ. ಆದರೆ ಮೌಲ್ಯಮಾಪನ ಒಂದೊಂದು ಮಗುವಿನದು. ಆ ಮಗುವಿನ ಬುದ್ಧಿ, ಆ ಮಗುವಿನ ಮನೆ. ಒಬ್ಬನೇ ಕುರ್ಚಿಯ ಮೇಲೆ ಕೂತು ಉತ್ತರ ಕೊಡುವ ಹುಡುಗನಿಗೆ ಪರಿಣಾಮ ಚೆನ್ನಾಗಿಯೇ ಅರ್ಥವಾಗುತ್ತದೆ. ಮೂವರ ನಡುವೆ ನಿಂತ ಆ ರಾತ್ರಿ ಅವನಿಗೆ ಎಷ್ಟು ಅರ್ಥವಾಗಿತ್ತು ಎಂಬುದು ಬೇರೆಯೇ ಪ್ರಶ್ನೆ. ಕಾಯ್ದೆಯಲ್ಲಿರುವ 'ಸನ್ನಿವೇಶ' ಎಂಬ ಮೂರನೆಯ ಅಂಶದಲ್ಲಿ ಗೆಳೆಯರ ನಡುವೆ ನಡೆದದ್ದೆಲ್ಲ ಬರಬೇಕು: ಮಾತು ಮೊದಲು ಯಾವಾಗ ಬಂತು, ಯಾರು ಅಳುಕಿದರು, ಅಳುಕಿದವನನ್ನು ಹೇಗೆ ಆಡಿಕೊಂಡರು. ಹಿಂದೆ ನಿಂತು ಹುಡುಗರ ಕೈಯಲ್ಲಿ ಕೆಲಸ ಮಾಡಿಸಿಕೊಂಡ ದೊಡ್ಡವನಿದ್ದರೆ ಅವನನ್ನು ಹಿಡಿಯಲು ಅದೇ ಕಾಯ್ದೆಯ 83ನೇ ಕಲಂ ಇದೆ, ಏಳು ವರ್ಷದವರೆಗೆ ಶಿಕ್ಷೆಯಿದೆ.

ತಿದ್ದುವ ಕೆಲಸದಲ್ಲೂ ನಾವು ಎಡವುವುದು ಇಲ್ಲೇ. ಕೆಟ್ಟ ಹುಡುಗರನ್ನೆಲ್ಲ ಒಂದು ಕಡೆ ಸೇರಿಸಿ ಬುದ್ಧಿ ಹೇಳಿದರೆ ಸರಿಹೋಗುತ್ತಾರೆ ಎಂಬ ನಂಬಿಕೆ ಎಲ್ಲ ದೇಶಗಳಲ್ಲೂ ಇದೆ. ಅಮೆರಿಕದ ಕೇಂಬ್ರಿಜ್ ಮತ್ತು ಸೋಮರ್‌ವಿಲ್ ಪಟ್ಟಣಗಳಲ್ಲಿ 1939ರಲ್ಲಿ ಶುರುವಾದ ಯೋಜನೆಯೊಂದು 506 ಹುಡುಗರಲ್ಲಿ ಅರ್ಧದಷ್ಟು ಜನರಿಗೆ ಪಾಠ, ವೈದ್ಯ, ಬೇಸಿಗೆ ಶಿಬಿರ ಎಲ್ಲ ಕೊಟ್ಟಿತು. ಮೂವತ್ತು ವರ್ಷದ ನಂತರ ಜೋನ್ ಮೆಕಾರ್ಡ್ ಹುಡುಕಿ ನೋಡಿದಾಗ ನೆರವು ಪಡೆದವರ ಬದುಕೇ ಹಲವು ವಿಷಯಗಳಲ್ಲಿ ಹೆಚ್ಚು ಹದಗೆಟ್ಟಿತ್ತು. ಅದರಲ್ಲೂ ಮತ್ತೆ ಮತ್ತೆ ಶಿಬಿರಕ್ಕೆ ಹೋದವರದು. ಒಳ್ಳೆಯ ಮನಸ್ಸಿನಿಂದ ಮಾಡಿದ ಶಿಬಿರ, ಆ ಹುಡುಗರು ಪರಸ್ಪರರ ನಗುವಿಗೆ ಪಕ್ಕಾಗುವ ಜಾಗವೂ ಆಗಿತ್ತು. ನಮ್ಮಲ್ಲೂ ವಿಚಾರಣೆ ಮುಗಿಯುವ ತನಕ ಮಕ್ಕಳನ್ನಿಡುವ ವೀಕ್ಷಣಾಲಯದಲ್ಲಿ ಎಲ್ಲರನ್ನೂ ಒಂದೇ ಹಾಲಿನಲ್ಲಿ ದಿನವಿಡೀ ಬಿಟ್ಟರೆ, ಅಲ್ಲಿ ಪಾಠ ಹೇಳುವವರು ಬಂದು ಹೋಗುವ ಕೌನ್ಸೆಲರ್ ಅಲ್ಲ, ಪಕ್ಕದ ಹಾಸಿಗೆಯವನು.

ಇನ್ನು ಆ ಇಬ್ಬರ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡ ಮೂರನೆಯವನು. ಅಮೆರಿಕದ ಸೀಕ್ರೆಟ್ ಸರ್ವಿಸ್ ಮತ್ತು ಶಿಕ್ಷಣ ಇಲಾಖೆ ಸೇರಿ ಶಾಲೆಗಳಲ್ಲಿ ನಡೆದ 37 ದಾಳಿಗಳನ್ನು ಪರಿಶೀಲಿಸಿ 2002ರಲ್ಲಿ ವರದಿ ಕೊಟ್ಟವು. ನೂರಕ್ಕೆ 81 ಭಾಗ ಘಟನೆಗಳಲ್ಲಿ ಮೊದಲೇ ಒಬ್ಬರಿಗಾದರೂ ವಿಷಯ ಗೊತ್ತಿತ್ತು. ಹಾಗೆ ಗೊತ್ತಿದ್ದವರು ಹೆಚ್ಚುಪಾಲು ಸಹಪಾಠಿ, ಗೆಳೆಯ, ಅಣ್ಣ ತಮ್ಮ. ದೊಡ್ಡವರ ಕಿವಿಗೆ ಬಿದ್ದದ್ದು ತೀರಾ ಅಪರೂಪ. ಅಲ್ಲಿನ ಬಂದೂಕು ನಮ್ಮ ಊರುಗಳಲ್ಲಿಲ್ಲ, ಆದರೆ ಬಾಯಿಬಿಡದ ಗೆಳೆಯ ಇದ್ದಾನೆ. ಅವನು ಯಾಕೆ ಹೇಳುವುದಿಲ್ಲ ಎಂದರೆ, ಹೇಳಿದರೆ ಏನಾಗುತ್ತದೆಂದು ಅವನಿಗೆ ಗೊತ್ತು. ಮೇಷ್ಟ್ರು ಇಬ್ಬರನ್ನೂ ಕರೆಸಿ, "ಇವನು ಬಂದು ಹೇಳಿದ, ನಿಜವೇನೋ" ಎಂದು ಕೇಳುತ್ತಾರೆ. ಅಪ್ಪನಿಗೆ ಹೇಳಿದರೆ, "ಅಂಥೋರ ಜೊತೆ ನೀನ್ಯಾಕ್ ಕೂತಿದ್ದೆ" ಎಂದು ಮೊದಲ ಏಟು ಅವನಿಗೇ. ಸಂಜೆಯೊಳಗೆ ಊರಿಗೆಲ್ಲ ಚಾಡಿಕೋರ.

ಹಾಗಾಗಿ ಕಾಲೇಜು ಶುರುವಾದ ಮೊದಲ ವಾರವೇ ತರಗತಿಯಲ್ಲಿ ನಿಂತು ಒಂದು ಮಾತು ಕೊಡುವ ಉಪನ್ಯಾಸಕರು ಬೇಕು: ಯಾರೇ ಬಂದು ಹೇಳಲಿ, ಹೇಳಿದವನ ಹೆಸರು ನನ್ನ ಬಾಯಿಂದ ಹೊರಬೀಳುವುದಿಲ್ಲ. ಆ ಮಾತನ್ನು ಒಂದೇ ಒಂದು ಸಲ ಮುರಿದರೂ ಆ ಕಾಲೇಜಿನಲ್ಲಿ ಮತ್ತೆ ಯಾರೂ ಬರುವುದಿಲ್ಲ. ಹೇಳಲು ಮನುಷ್ಯರೇ ಸಿಗದ ಹುಡುಗನಿಗೆ ಮಕ್ಕಳ ಸಹಾಯವಾಣಿ 1098 ಇದೆ, ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416 ಇದೆ. ಎರಡೂ ಸಂಖ್ಯೆ ಬಸ್ ನಿಲ್ದಾಣದ ಗೋಡೆಯ ಮೇಲೆ ದೊಡ್ಡದಾಗಿ ಬರೆದಿರಲಿ. ವಿಷಯ ತಿಳಿದ ದಿನವೇ, ಮೊದಲು ಯಾರಿಗೆ ಅಪಾಯವಿದೆಯೋ ಅವರನ್ನು ಎಚ್ಚರಿಸಬೇಕು. ಆಮೇಲೆ ಹುಡುಗರನ್ನು ಸಾಲಾಗಿ ನಿಲ್ಲಿಸಿ ಬೈಯುವುದಲ್ಲ. ಒಬ್ಬೊಬ್ಬನನ್ನೇ, ಬೇರೆ ಬೇರೆ ಜಾಗದಲ್ಲಿ, ಅವನಿಗೆ ಹತ್ತಿರದವರಾದ ದೊಡ್ಡವರೊಬ್ಬರ ಜೊತೆ ಕೂರಿಸಿ ಮಾತಾಡಿಸಬೇಕು. ಗೆಳೆಯ ಎದುರಿಗಿಲ್ಲದಾಗ ಮಾತ್ರ, "ನಂಗೂ ಬ್ಯಾಡ ಅನ್ಸಿತ್ತು ಸಾ, ಅವ್ನು ಏನನ್ಕೋತಾನೋ ಅಂತ ಸುಮ್ಕಿದ್ದೆ" ಎಂಬ ಮಾತು ಬರುತ್ತದೆ. ಪಕ್ಕದ ಕೋಣೆಯಲ್ಲಿರುವವನೂ ಅದನ್ನೇ ಹೇಳುತ್ತಿರುತ್ತಾನೆ. ಇಬ್ಬರಿಗೂ ಅದನ್ನು ತಿಳಿಸಬೇಕಾದವರು ನಾವು.