ಮೇಜಿನ ಮೇಲೆ 1971ರ ಕ್ಷಿಪಣಿ ದೋಣಿ
ಮುಂಬಯಿಯಿಂದ ಹೊರಟ ‘ನಿಪಾತ್’ ಇಂದಿಲ್ಲ. ಕೈಯಿಂದ ಮಾದರಿ ಕಟ್ಟಿ ಮಕ್ಕಳಿಗೆ ತೋರಿಸಬಹುದು

ಪ್ರತಿ ವರ್ಷ ಡಿಸೆಂಬರ್ 4ರಂದು ದೇಶದಲ್ಲಿ ನೌಕಾಪಡೆ ದಿನ ಆಚರಿಸಲಾಗುತ್ತದೆ. 1971ರ ಅದೇ ದಿನ ರಾತ್ರಿ ಮೂರು ಪುಟ್ಟ ಕ್ಷಿಪಣಿ ದೋಣಿಗಳು ಕರಾಚಿ ಬಂದರಿನ ಸಮೀಪಕ್ಕೆ ನುಗ್ಗಿ ದಾಳಿ ನಡೆಸಿದ ನೆನಪಿಗಾಗಿ ಈ ಆಚರಣೆ. ನಿಪಾತ್, ನಿರ್ಘಾತ್, ವೀರ್ ಎಂಬ ಆ ಮೂರು ಹೆಸರುಗಳನ್ನು ಕೇಳಿದವರು ಅನೇಕರಿದ್ದಾರೆ. ಆದರೆ ಅವು ನೋಡಲು ಹೇಗಿದ್ದವು ಎಂದು ಕೇಳಿದರೆ ಉತ್ತರಿಸುವವರು ವಿರಳ. ಆ ಮೂರರಲ್ಲಿ ಒಂದನ್ನೂ ಇಂದು ಯಾವ ವಸ್ತುಸಂಗ್ರಹಾಲಯದಲ್ಲೂ ನೋಡುವಂತಿಲ್ಲ. ಆ ದೋಣಿಯನ್ನು ಮತ್ತೆ ಕಣ್ಣ ಮುಂದೆ ತರಲು ಮನೆಯಲ್ಲಿಯೇ ಒಂದು ಉಪಾಯವಿದೆ. ಅಂಗಡಿಯ ಸಿದ್ಧ ಕಿಟ್ ಇಲ್ಲದೆ, ಪ್ಲೈವುಡ್, ರಟ್ಟು, ತಂತಿಗಳಿಂದ ಅಳತೆಗೆ ಸರಿಯಾದ ಮಾದರಿಯನ್ನು ಕೈಯಿಂದಲೇ ಕಟ್ಟುವುದು.

ಎರಡು ಬೋಗಿಯಷ್ಟೂ ಉದ್ದವಿಲ್ಲ

ಸೋವಿಯತ್ ಒಕ್ಕೂಟದ ಈ ದೋಣಿಗಳಿಗೆ ನೇಟೋ ‘ಓಸಾ’ ವರ್ಗದ ದೋಣಿಗಳೆಂದು ಹೆಸರಿಟ್ಟಿತ್ತು. ರಷ್ಯನ್ ಭಾಷೆಯಲ್ಲಿ ಓಸಾ ಎಂದರೆ ಕಡಜ. ಗಾತ್ರ ಸಣ್ಣದು, ಕುಟುಕು ದೊಡ್ಡದು. ಉದ್ದ 38.6 ಮೀಟರ್, ಅಗಲ 7.6 ಮೀಟರ್. ನಮ್ಮ ಲೋಕಲ್ ರೈಲಿನ ಎರಡು ಬೋಗಿಗಳನ್ನು ಜೋಡಿಸಿದರೆ ಅದರಷ್ಟೂ ಉದ್ದವಿಲ್ಲ. ಪೂರ್ತಿ ಹೊರೆಯೊಂದಿಗೆ ತೂಕ ಸುಮಾರು 210 ಟನ್. ಮೂರು ಡೀಸೆಲ್ ಎಂಜಿನುಗಳು, ಹಿಂದೆ ಮುಂದೆ 30 ಮಿ.ಮೀ.ನ ಅವಳಿ ತೋಪುಗಳು, ಇಕ್ಕೆಲಗಳಲ್ಲಿ ಎರಡೆರಡರಂತೆ ನಾಲ್ಕು ಕ್ಷಿಪಣಿಗಳು. ಇದೇ ಬಗೆಯ ಕ್ಷಿಪಣಿಯಿಂದ 1967ರ ಅಕ್ಟೋಬರಿನಲ್ಲಿ ಈಜಿಪ್ಟಿನ ಸಣ್ಣ ದೋಣಿಗಳು ಇಸ್ರೇಲಿನ ‘ಐಲಾತ್’ ಎಂಬ ಸಮರ ನೌಕೆಯನ್ನು ಮುಳುಗಿಸಿದಾಗ ಜಗತ್ತಿನ ನೌಕಾಪಡೆಗಳೆಲ್ಲ ಬೆಚ್ಚಿಬಿದ್ದಿದ್ದವು.

ಭಾರತ ಇಂತಹ ಎಂಟು ದೋಣಿಗಳನ್ನು ತರಿಸಿತು. 1971ರಲ್ಲಿ ಅವು ಹಡಗಿನ ಮೇಲೆ ಹೇರಿಕೊಂಡು ಬಂದಾಗ ಅಷ್ಟು ಭಾರ ಎತ್ತಬಲ್ಲ ಕ್ರೇನು ಇದ್ದದ್ದು ಕಲ್ಕತ್ತಾ ಬಂದರಿನಲ್ಲಿ. ಆದ್ದರಿಂದ ಅಲ್ಲಿ ಇಳಿಸಿ, ಬೇರೆ ಹಡಗುಗಳಿಗೆ ಕಟ್ಟಿ, ಇಡೀ ದಕ್ಷಿಣ ಕರಾವಳಿಯನ್ನು ಬಳಸಿಕೊಂಡು ಬೊಂಬಾಯಿಗೆ ಎಳೆದು ತರಲಾಯಿತು. ಹತ್ತಿರದ ಬಂದರನ್ನು ಕಾಯಲೆಂದು ತಂದ ದೋಣಿಗಳನ್ನು ಎಳೆದುಕೊಂಡು ಹೋದರೆ ದೂರದ ಶತ್ರು ಬಂದರಿಗೂ ಒಯ್ಯಬಹುದು ಎಂಬ ಯೋಚನೆಗೆ ಈ ಪ್ರಯಾಣವೇ ಬಲ ಕೊಟ್ಟಿತು.

ದಾಳಿಯ ರಾತ್ರಿ 25ನೇ ಕ್ಷಿಪಣಿ ದೋಣಿ ದಳದ ಕಮಾಂಡರ್ ಬಬ್ರು ಭಾನ್ ಯಾದವ್ ಅವರು ನಿಪಾತ್‌ನಲ್ಲಿದ್ದರು. ಕಿಲ್ತಾನ್ ಮತ್ತು ಕಚಾಲ್ ಎಂಬ ನೌಕೆಗಳು ಜೊತೆಗಿದ್ದವು. ನಿರ್ಘಾತ್‌ನ ಕ್ಷಿಪಣಿಗಳು ತನಗಿಂತ ಹತ್ತು ಪಟ್ಟಿಗೂ ಹೆಚ್ಚು ತೂಕದ ‘ಖೈಬರ್’ ಎಂಬ ಪಾಕಿಸ್ತಾನಿ ಸಮರ ನೌಕೆಯನ್ನು ಮುಳುಗಿಸಿದವು. ವೀರ್ ಒಂದು ಮೈನ್ ತೆಗೆಯುವ ನೌಕೆಯನ್ನು ಹೊಡೆದುರುಳಿಸಿತು. ನಿಪಾತ್ ಕೀಮಾರಿಯ ತೈಲ ಟ್ಯಾಂಕುಗಳತ್ತಲೂ ಒಂದು ಕ್ಷಿಪಣಿ ಬಿಟ್ಟಿತು. ನಾಲ್ಕು ದಿನಗಳ ನಂತರ, ಡಿಸೆಂಬರ್ 8ರ ರಾತ್ರಿ, ‘ವಿನಾಶ್’ ಎಂಬ ಒಂದೇ ದೋಣಿ ತಲ್ವಾರ್ ಮತ್ತು ತ್ರಿಶೂಲ್ ನೌಕೆಗಳೊಂದಿಗೆ ಹೋಗಿ ಮತ್ತೆ ಹೊಡೆಯಿತು. ಎರಡೂ ಬಾರಿ ನಮ್ಮ ದೋಣಿಗಳೆಲ್ಲ ಸುರಕ್ಷಿತವಾಗಿ ಮರಳಿದವು.

ಆಗ ಬೊಂಬಾಯಿಯಲ್ಲಿ ಬ್ಲ್ಯಾಕೌಟ್. ಕಿಟಕಿ ಗಾಜುಗಳಿಗೆ ಕಪ್ಪು ಕಾಗದ. ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಫೋರ್ಟ್ ಪರಿಸರದ ಕನ್ನಡ ರಾತ್ರಿಶಾಲೆಗಳಿಗೆ ಹೋಗುತ್ತಿದ್ದ ತಲೆಮಾರಿನವರಿಗೆ ಆ ಕತ್ತಲೆಯ ನೆನಪಿರಬಹುದು. ಆದರೆ ಕತ್ತಲಲ್ಲಿ ಇದೇ ಬಂದರಿನ ದೋಣಿಗಳು ಏನು ಮಾಡಿದವೆಂಬುದು ಊರಿಗೆ ತಿಳಿದದ್ದು ಆಮೇಲೆ.

ಕಾರವಾರದ ‘ಚಪಲ್’ ಅಲ್ಲವೇ?

ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಿ ಊರಿಗೆ ಹೋಗುವ ನಮ್ಮವರು ಕಾರವಾರದಲ್ಲಿ ಇಳಿದರೆ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ‘ಐಎನ್‌ಎಸ್ ಚಪಲ್’ ಯುದ್ಧನೌಕೆ ವಸ್ತುಸಂಗ್ರಹಾಲಯವನ್ನು ನೋಡಬಹುದು. 2005ರಲ್ಲಿ ನಿವೃತ್ತಿಯಾದ ಈ ದೋಣಿಯನ್ನು 2006ರಲ್ಲಿ ಸಾರ್ವಜನಿಕರಿಗೆ ತೆರೆಯಲಾಯಿತು. ಕನ್ನಡ ನಾಡಿನ ನೆಲದಲ್ಲಿ ಒಂದು ಕ್ಷಿಪಣಿ ದೋಣಿ ಉಳಿದುಕೊಂಡಿರುವುದು ಹೆಮ್ಮೆಯ ವಿಷಯವೆಂಬುದರಲ್ಲಿ ಎರಡು ಮಾತಿಲ್ಲ.

ಆದರೆ 1971ರಲ್ಲಿ ಕರಾಚಿಗೆ ಹೋದ ದೋಣಿ ಇದೇ ಎಂದು ಎಷ್ಟೋ ಮಂದಿ ತಿಳಿದುಕೊಂಡಿದ್ದಾರೆ. ಅದು ಸರಿಯಲ್ಲ. ಚಪಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ, ಯುದ್ಧ ಮುಗಿದು ಐದು ವರ್ಷಗಳಾದ ಮೇಲೆ. ಅದು ಓಸಾ ದೋಣಿಯ ಎರಡನೇ ಆವೃತ್ತಿ. ವ್ಯತ್ಯಾಸ ಗುರುತಿಸುವುದು ಸುಲಭ. ಚಪಲ್‌ನ ಮೇಲೆ ಕ್ಷಿಪಣಿ ಇಡುವ ಗೂಡುಗಳು ದುಂಡನೆಯ ದೊಡ್ಡ ಕೊಳವೆಗಳಂತಿವೆ. 1971ರ ದೋಣಿಗಳಲ್ಲಿ ಅವು ದೊಡ್ಡ ಪೆಟ್ಟಿಗೆಗಳಂತಿದ್ದವು. ಮೊದಲಿನ ಕ್ಷಿಪಣಿಯ ರೆಕ್ಕೆಗಳು ಮಡಚುತ್ತಿರಲಿಲ್ಲ. ಅಗಲಿಸಿದ ರೆಕ್ಕೆಗೆ ತಕ್ಕಂತೆ ಅಗಲವಾದ ಪೆಟ್ಟಿಗೆಯೇ ಬೇಕಿತ್ತು. ಮುಂದೆ ಮಡಚುವ ರೆಕ್ಕೆ ಬಂದಾಗ ಕೊಳವೆ ಸಾಕಾಯಿತು.

ಇನ್ನೊಂದು ಗೊಂದಲವೂ ಇದೆ. ಹಳೆಯ ದೋಣಿಗಳು ನಿವೃತ್ತಿಯಾದ ಮೇಲೆ ಅವೇ ಹೆಸರುಗಳನ್ನು 1987ರಿಂದ ಬಂದ ಹೊಸ ದೋಣಿಗಳಿಗೆ ಇಡಲಾಯಿತು. ಹೊಸ ವೀರ್, ಹೊಸ ನಿಪಾತ್, ಹೊಸ ನಿರ್ಘಾತ್ 56 ಮೀಟರ್ ಉದ್ದದ ಬೇರೆಯೇ ವರ್ಗದವು. ಹೀಗಾಗಿ ‘ನಿಪಾತ್’ ಎಂದು ಚಿತ್ರ ಹುಡುಕಿದರೆ ಮಗನ ಚಿತ್ರವೇ ತಂದೆಯದೆಂದು ಕೈಗೆ ಸಿಗುವ ಸಂಭವ ಹೆಚ್ಚು. ಮಾದರಿ ಕಟ್ಟುವವರು ಕೈಗೆ ಕತ್ತರಿ ಹಿಡಿಯುವ ಮೊದಲು ಚಿತ್ರದ ಇಸವಿಯನ್ನು ನೋಡಬೇಕು.

ಹಾಗೆಂದು ಚಪಲ್ ನಿರುಪಯೋಗಿಯಲ್ಲ. ಎರಡೂ ಆವೃತ್ತಿಗಳ ಒಡಲಿನ ಉದ್ದ, ಅಗಲ, ಚಾಲನಾ ಕೊಠಡಿ, ತೋಪುಗಳ ಜಾಗ ಬಹುಮಟ್ಟಿಗೆ ಒಂದೇ. ಎತ್ತರ ಗೊತ್ತಿರುವ ಒಬ್ಬರನ್ನು ದೋಣಿಯ ಪಕ್ಕದಲ್ಲಿ ನಿಲ್ಲಿಸಿ ಚಿತ್ರ ತೆಗೆದರೆ ಆ ವ್ಯಕ್ತಿಯೇ ಅಳತೆಗೋಲು. ಒಡಲು ಕಾರವಾರದಿಂದ, ಕ್ಷಿಪಣಿ ಗೂಡು 1971ರ ಚಿತ್ರಗಳಿಂದ. ಹೀಗೆ ಎರಡನ್ನೂ ಕೂಡಿಸಿದರೆ ನಿಪಾತ್ ಸಿದ್ಧ.

ನೂರರಲ್ಲಿ ಒಂದು

ಹೊಸಬರಿಗೆ 1:100 ಪ್ರಮಾಣವೇ ಲೇಸು. ಲೆಕ್ಕ ಸುಲಭ. ನಿಜ ದೋಣಿಯ ಒಂದು ಮೀಟರ್ ಮಾದರಿಯಲ್ಲಿ ಒಂದು ಸೆಂಟಿಮೀಟರ್. ಉದ್ದ 38.6 ಸೆಂ.ಮೀ., ಅಗಲ 7.6 ಸೆಂ.ಮೀ. ಒಂದು ಸಾಮಾನ್ಯ ಪುಸ್ತಕದ ಕಪಾಟಿನಲ್ಲಿ ಕೂರುತ್ತದೆ. ಐದಡಿ ಏಳಂಗುಲದ ನಾವಿಕ 1.7 ಸೆಂ.ಮೀ. ಆಗುತ್ತಾನೆ. ಕ್ಷಿಪಣಿಯ ಉದ್ದ 5.8 ಮೀಟರ್, ರೆಕ್ಕೆಯ ಅಗಲ 2.4 ಮೀಟರ್. ಅಂದರೆ ಪೆಟ್ಟಿಗೆ ಒಳಗಿನಿಂದ 5.8 ಸೆಂ.ಮೀ.ಗಿಂತ ಉದ್ದ, 2.4 ಸೆಂ.ಮೀ.ಗಿಂತ ಅಗಲ ಇರಲೇಬೇಕು. ಚಿತ್ರ ನೋಡಿ ಊಹಿಸಿದ ಅಳತೆ ಸರಿಯೋ ತಪ್ಪೋ ಎಂದು ತಾಳೆ ನೋಡಲು ಇದೊಂದು ಒಳ್ಳೆಯ ಮಾರ್ಗ.

ತೂಕದ ಲೆಕ್ಕ ಇನ್ನೂ ಸ್ವಾರಸ್ಯಕರ. ಉದ್ದ, ಅಗಲ, ಎತ್ತರ ಮೂರೂ ನೂರರಲ್ಲಿ ಒಂದಾದಾಗ ಗಾತ್ರ ಹತ್ತು ಲಕ್ಷದಲ್ಲಿ ಒಂದಾಗುತ್ತದೆ. 210 ಟನ್ನನ್ನು ಹತ್ತು ಲಕ್ಷದಿಂದ ಭಾಗಿಸಿದರೆ 210 ಗ್ರಾಂ. ಒಡಲಿನ ಆಕಾರ ಸರಿಯಾಗಿದ್ದು ಮಾದರಿ 210 ಗ್ರಾಂ ತೂಗಿದರೆ, ಬಕೆಟ್ಟಿನ ನೀರಿನಲ್ಲಿ ಅದು ನಿಜವಾದ ನಿಪಾತ್ ಕಡಲಲ್ಲಿ ಮುಳುಗಿದ ಗೆರೆಗೇ ಮುಳುಗಿ ತೇಲುತ್ತದೆ. ಎಂಟನೇ ತರಗತಿಯ ಮಗುವಿಗೆ ಘನದ ಲೆಕ್ಕ ಕಲಿಸಲು ಇದಕ್ಕಿಂತ ಉತ್ತಮ ಪಾಠ ಬೇಕೆ?

ಕಟ್ಟುವ ಕ್ರಮ

ಮೊದಲು ದೋಣಿಯ ಪಕ್ಕದ ನೋಟ ಮತ್ತು ಮೇಲಿನ ನೋಟವನ್ನು ಪೂರ್ತಿ ಅಳತೆಗೆ ಕಾಗದದ ಮೇಲೆ ಬರೆದುಕೊಳ್ಳಬೇಕು. ಬೆನ್ನೆಲುಬಿಗೆ 3 ಮಿ.ಮೀ. ಪ್ಲೈವುಡ್. ಅದಕ್ಕೆ ಅಡ್ಡಲಾಗಿ, ಮೀನಿನ ಮುಳ್ಳಿನಂತೆ, ಹನ್ನೆರಡು ಹದಿಮೂರು ದಪ್ಪ ರಟ್ಟಿನ ಪಕ್ಕೆಲುಬುಗಳು. ಮೂತಿಯ ಕಡೆ ಅವು ಚೂಪಾದ ವಿ ಆಕಾರ, ಹಿಂದಕ್ಕೆ ಹೋದಂತೆ ಅಗಲ ಮತ್ತು ಚಪ್ಪಟೆ. ಹಿಂಭಾಗ ಕತ್ತರಿಸಿದಂತೆ ನೇರ. ಎಡ ಬಲ ಒಂದೇ ಸಮ ಬರಲು ಕಾಗದ ಮಡಚಿ ಕತ್ತರಿಸುವುದು ಕ್ಷೇಮ.

ಪಕ್ಕೆಲುಬಿನ ಮೇಲೆ ರಟ್ಟಿನ ಪಟ್ಟಿಗಳನ್ನು ಒಂದೊಂದಾಗಿ ಫೆವಿಕಾಲ್ ಹಚ್ಚಿ ಕೂರಿಸಬೇಕು. ಮದುವೆ ಸೀಸನ್ ಮುಗಿದ ಮೇಲೆ ಪ್ರತಿ ಮನೆಯಲ್ಲೂ ಉಳಿಯುವ ದಪ್ಪ ಆಮಂತ್ರಣ ಪತ್ರಿಕೆಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿವೆ. ಒಂದು ಪಟ್ಟಿ ಎಡಕ್ಕೆ ಹಾಕಿದರೆ ಮುಂದಿನದು ಬಲಕ್ಕೆ. ಒಂದೇ ಬದಿಗೆ ಹಾಕುತ್ತ ಹೋದರೆ ಅಂಟು ಒಣಗುವಾಗ ಎಳೆದು ಬೆನ್ನೆಲುಬು ಬಾಗುತ್ತದೆ. ಬಾಗಿದ ಒಡಲನ್ನು ಸರಿಪಡಿಸುವುದಕ್ಕಿಂತ ಹೊಸತನ್ನು ಮಾಡುವುದೇ ಸುಲಭ. ನಂತರ ವಾರ್ನಿಶ್, ಅದರ ಮೇಲೆ ತೆಳು ಪುಟ್ಟಿ, ಒಣಗಿದ ಮೇಲೆ ಪಾಲಿಶ್ ಕಾಗದ. ಇದನ್ನು ಮೂರು ನಾಲ್ಕು ಬಾರಿ ಮಾಡಬೇಕು. ಆತುರಪಟ್ಟವರ ದೋಣಿಯಲ್ಲಿ ಪಟ್ಟಿಗಳ ಗೆರೆಗಳು ಬಣ್ಣದ ಕೆಳಗಿನಿಂದ ಎದ್ದು ಕಾಣುತ್ತವೆ.

ಚಾಲನಾ ಕೊಠಡಿ, ಕ್ಷಿಪಣಿ ಪೆಟ್ಟಿಗೆಗಳಿಗೆ ರಟ್ಟು ಅಥವಾ ಸನ್‌ಬೋರ್ಡ್ ಸಾಕು. ಹಿಂದಿನ ಎರಡು ಪೆಟ್ಟಿಗೆಗಳು ಮುಂದಿನವುಗಳಿಗಿಂತ ಎತ್ತರದಲ್ಲಿ, ಮುಖ ಮೇಲೆತ್ತಿ ಇರುತ್ತವೆ. ಹಿಂದಿನ ಕ್ಷಿಪಣಿ ಮುಂದಿನ ಪೆಟ್ಟಿಗೆಯ ಮೇಲಿಂದ ಹಾರಬೇಕಲ್ಲ! ಇದನ್ನು ಮರೆತು ನಾಲ್ಕನ್ನೂ ಒಂದೇ ಮಟ್ಟದಲ್ಲಿ ಅಂಟಿಸಿದರೆ ದೋಣಿಯ ರೂಪವೇ ಕೆಡುತ್ತದೆ. ಕಟಕಟೆಯ ಕಂಬಗಳಿಗೆ ಒಂದು ಸೆಂ.ಮೀ. ಎತ್ತರದ ತಂತಿ ತುಂಡುಗಳು, ನಡುವೆ ಹಗ್ಗದ ಬದಲು ಹಳೆಯ ವಯರಿನಿಂದ ಬಿಡಿಸಿದ ಒಂದೊಂದೇ ತಾಮ್ರದ ಎಳೆ. ರಟ್ಟು, ಸನ್‌ಬೋರ್ಡ್ ಅಬ್ದುಲ್ ರೆಹಮಾನ್ ಸ್ಟ್ರೀಟಿನ ಸ್ಟೇಷನರಿ ಅಂಗಡಿಗಳಲ್ಲಿ, ತಂತಿ ಲೋಹಾರ್ ಚಾಲ್‌ನಲ್ಲಿ ದೊರೆಯುತ್ತವೆ. ಕೊನೆಗೆ ಬೂದು ಬಣ್ಣ, ತೆಳುವಾಗಿ ಮೂರು ಸಲ.

ಇಷ್ಟಾದರೂ ರಟ್ಟಿನ ದೋಣಿ 210 ಗ್ರಾಂ ತೂಗುವುದು ಅಪರೂಪ. ಕೊರತೆಯನ್ನು ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳಿಂದ ತುಂಬಬಹುದು. ಅವನ್ನು ತಳದಲ್ಲಿ, ಬೆನ್ನೆಲುಬಿನ ಎರಡೂ ಬದಿಗೆ ಸಮವಾಗಿ, ಮೇಲ್ಹೊದಿಕೆ ಮುಚ್ಚುವ ಮೊದಲೇ ಕೂರಿಸಬೇಕು. ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಬೇಕು, ಚಿಕ್ಕ ಮಕ್ಕಳ ಕೈಗೆ ಅದನ್ನು ಕೊಡಬಾರದು. ವಾರಕ್ಕೊಂದು ಭಾನುವಾರ ಕೊಟ್ಟರೂ ಮೂರು ನಾಲ್ಕು ತಿಂಗಳ ಕೆಲಸ.

ಉಳಿಯುವುದು ಯಾವುದು?

ಇಷ್ಟು ಶ್ರಮ ಯಾತಕ್ಕೆ ಎಂದು ಕೇಳುವವರಿಗೆ ಮುಂಬಯಿಯಲ್ಲಿಯೇ ಉತ್ತರವಿದೆ. 1971ರ ಯುದ್ಧದ ಇನ್ನೊಂದು ಕೀರ್ತಿ ‘ವಿಕ್ರಾಂತ್’ ವಿಮಾನವಾಹಕ ನೌಕೆ ವರ್ಷಗಳ ಕಾಲ ಇಲ್ಲಿ ವಸ್ತುಸಂಗ್ರಹಾಲಯವಾಗಿತ್ತು. ಶಾಲಾ ಮಕ್ಕಳು ಸಾಲುಗಟ್ಟಿ ನೋಡಿ ಬರುತ್ತಿದ್ದರು. 2012ರಲ್ಲಿ ಅದು ಮುಚ್ಚಿತು. 2014ರಲ್ಲಿ ದಾರುಖಾನಾದಲ್ಲಿ ಒಡೆಯಲಾಯಿತು. ಅಷ್ಟು ದೊಡ್ಡ ಹಡಗಿಗೇ ಉಳಿಗಾಲವಿಲ್ಲವೆಂದ ಮೇಲೆ 210 ಟನ್ನಿನ ದೋಣಿಯ ಮಾತೇನು? ದಿಯುನಲ್ಲಿ, 1971ರ ಡಿಸೆಂಬರ್ 9ರಂದು ಮುಳುಗಿದ ‘ಖುಕ್ರಿ’ಯ ಸ್ಮಾರಕಕ್ಕೆ ಹೋದವರು ಗಾಜಿನ ಮನೆಯೊಳಗೆ ಆ ಹಡಗಿನ ಮಾದರಿಯನ್ನು ನೋಡಿರುತ್ತಾರೆ. ನಿಜ ಹಡಗು ಕಡಲ ತಳದಲ್ಲಿದೆ, ಅದರ ರೂಪವನ್ನು ಮಾದರಿ ಹೇಳುತ್ತಿದೆ.

ಎನ್‌ಸಿಸಿಯ ನೌಕಾ ವಿಭಾಗದ ಕೆಡೆಟ್‌ಗಳಿಗೆ ಹಡಗಿನ ಮಾದರಿ ತಯಾರಿ ತರಬೇತಿಯ ಭಾಗವೂ ಹೌದು, ಸ್ಪರ್ಧೆಯೂ ಹೌದು. ಕಾಲೇಜಿಗೆ ಹೋಗುವ ನಮ್ಮ ಮಕ್ಕಳು ಇದರಲ್ಲಿದ್ದರೆ ಹಿರಿಯರು ಬೆಂಬಲಿಸಬೇಕು. ನಗರ ಮತ್ತು ಉಪನಗರಗಳ ಕನ್ನಡ ಸಂಘಗಳು ಮಕ್ಕಳ ದಿನಾಚರಣೆಗೆ ಚಿತ್ರಕಲೆ, ಛದ್ಮವೇಷ ಸ್ಪರ್ಧೆಗಳನ್ನು ಏರ್ಪಡಿಸುತ್ತ ಬಂದಿವೆ. ಅದರ ಜೊತೆಗೆ ಒಂದು ವರ್ಷ ಮಾದರಿ ತಯಾರಿಯ ಶಿಬಿರವನ್ನೂ ಇಟ್ಟುಕೊಂಡರೆ ಖರ್ಚು ಹೆಚ್ಚಾಗದು. ನಿವೃತ್ತರ ಸಮಯ, ಮಕ್ಕಳ ಕಣ್ಣು, ಎರಡೂ ಈ ಕೆಲಸಕ್ಕೆ ಬೇಕು.

ಮುಗಿದ ದೋಣಿಯ ಕೆಳಗೆ ಒಂದು ಪುಟ್ಟ ಫಲಕ ಹಚ್ಚುವುದನ್ನು ಮಾತ್ರ ಮರೆಯಬಾರದು. ಹೆಸರು ನಿಪಾತ್, ಇಸವಿ 1971, ಪ್ರಮಾಣ 1:100 ಎಂಬ ಮೂರು ವಿವರಗಳು ಸಾಕು. ನಾಳೆ ಕಾರವಾರದ ಕಡಲತೀರದಲ್ಲಿ ಚಪಲ್‌ನ ದುಂಡು ಕೊಳವೆಗಳನ್ನು ಕಂಡ ಮಗು, ಮನೆಯಲ್ಲಿರುವ ದೋಣಿಗೆ ಪೆಟ್ಟಿಗೆಗಳೇಕೆ ಎಂದು ಕೇಳಿದರೆ ಕಟ್ಟಿದವರ ಶ್ರಮ ಸಾರ್ಥಕ.